ವಜ್ರ ಹೌದಾ ಅಲ್ಲವಾ, ಸ್ವಲ್ಪ ನೋಡಿ ಹೇಳಿ

ಮುಂಬೈಯ ವಿಲೆ ಪಾರ್ಲೆಯ ಒಂದು ಚಿನ್ನದಂಗಡಿಯಲ್ಲಿ ಕಲ್ಲು ಪರೀಕ್ಷಿಸುವ ಮೇಜಿನ ಹಿಂದೆ ಕೂತು ನನಗೆ ಇಪ್ಪತ್ತೆರಡು ವರ್ಷವಾಯಿತು. ಊರು ಉಡುಪಿ ಕಡೆ, ಮನೆ ಸಯನ್ನಿನಲ್ಲಿ. ಬಂದ ಕಲ್ಲು ವಜ್ರವೋ, ವಜ್ರದ ಹಾಗೇ ಹೊಳೆಯುವ ಅಮೆರಿಕನ್ ಡೈಮಂಡೋ, ಬರೀ ಗಾಜೋ ಎಂದು ಹೇಳುವುದಷ್ಟೇ ನನ್ನ ಕೆಲಸ. ಕಲ್ಲಿನ ವಿಷಯ ಎರಡು ನಿಮಿಷದಲ್ಲಿ ಮುಗಿಯುತ್ತದೆ. ಕಲ್ಲು ತಂದವರ ವಿಷಯ ಮುಗಿಯುವುದೇ ಇಲ್ಲ. ವಾರಕ್ಕೊಮ್ಮೆಯಾದರೂ ಏನಾದರೂ ನಡೆಯುತ್ತದೆ, ಮನೆಗೆ ಹೋಗಿ ಹೇಳಿದರೆ ನಮ್ಮವರು ನಂಬುವುದಿಲ್ಲ.

ಬಾಯಿಯ ಹಬೆ

ನಿಜವಾದ ವಜ್ರದ ಮೇಲೆ ಉಸಿರು ಬಿಟ್ಟರೆ ಹಬೆ ನಿಲ್ಲುವುದಿಲ್ಲ, ಆ ಕ್ಷಣಕ್ಕೇ ಆರಿಹೋಗುತ್ತದೆ. ಮಾತು ಸುಳ್ಳಲ್ಲ. ಆದರೆ ಅದು ಮೊಬೈಲಿನ ವಿಡಿಯೋಗಳಿಗೆ ಸಿಕ್ಕಿದ ಮೇಲೆ ನಮ್ಮ ಅಂಗಡಿಯಲ್ಲಿ ಎಲ್ಲರೂ ಊದುವವರೇ.

ಹೋಟೆಲಿನಲ್ಲಿ ಮ್ಯಾನೇಜರ್ ಆಗಿ ನಿವೃತ್ತರಾದ ಒಬ್ಬರು ಹೆಂಡತಿಗೆ ಅರವತ್ತು ತುಂಬಿತೆಂದು ಉಂಗುರ ಕೊಳ್ಳಲು ಬಂದರು. ಜೊತೆಗೆ ಹೆಂಡತಿಯೂ ಇದ್ದರು. ನನ್ನ ಮಾತಿನ ಮೇಲೆ ಗಂಡನಿಗೆ ಭರವಸೆ ಸಾಲದು. ಉಂಗುರವನ್ನು ಮೂಗಿನ ಹತ್ತಿರ ತಂದು, ಎದೆ ತುಂಬ ಗಾಳಿ ತೆಗೆದುಕೊಂಡು "ಹಾ" ಎಂದು ಬಿಟ್ಟರು. ಅಂಗಡಿಯಲ್ಲಿ ಎ.ಸಿ. ಬೇರೆ. ಉಸಿರು ಪೂರ್ತಿ ಅವರ ಕನ್ನಡಕಕ್ಕೇ ಹೊಡೆಯಿತು.

"ಏನೂ ಕಾಣುವುದಿಲ್ಲವಲ್ಲ! ಹಬೆ ಹೋಗಲೇ ಇಲ್ಲ. ನಾನು ಹೇಳಲಿಲ್ಲವಾ?" ಎಂದು ಗೆದ್ದವರ ಹಾಗೆ ಕೂಗಿದರು.

ಹೆಂಡತಿ ಅವರ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿ, ಮತ್ತೆ ಮೂಗಿನ ಮೇಲೆ ಕೂರಿಸಿದರು. ಆಮೇಲೆ ನನ್ನ ಕಡೆ ತಿರುಗಿ, "ಕಲ್ಲು ಸರಿ ಉಂಟು, ಪ್ಯಾಕ್ ಮಾಡಿ. ಡೂಪ್ಲಿಕೇಟು ಇವರ ಕನ್ನಡಕ" ಎಂದರು.

ಲೋಕಲಿನಲ್ಲಿ ತಪಾಸಣೆ

ದಾದರಿನಲ್ಲಿ ಲೋಕಲ್ ರೈಲು ಬದಲಿಸಿ ನಾನು ಪಾರ್ಲೆಗೆ ಹೋಗುವುದು. ಒಂದು ಬೆಳಿಗ್ಗೆ ಲೇಡೀಸ್ ಡಬ್ಬಿಯಲ್ಲಿ ಗೆಳತಿಯೊಬ್ಬಳು, "ಇವಳು ವಜ್ರ ನೋಡುವವಳು" ಎಂದು ಜೋರಾಗಿ ಹೇಳಿಬಿಟ್ಟಳು. ನಾಲ್ಕೂ ಕಡೆಯಿಂದ ಕೈಗಳು ಬಂದವು. ನಿಂತಲ್ಲೇ ಭೂತಗನ್ನಡಿ ತೆಗೆದು ಒಂದೊಂದೇ ಉಂಗುರ ನೋಡಿದೆ.

ಬಾಗಿಲ ಹತ್ತಿರ ಕಂಬಿ ಹಿಡಿದು ನಿಂತಿದ್ದ ಒಬ್ಬ ನರ್ಸಿನದ್ದೂ ನೋಡಿದೆ. ರಾತ್ರಿ ಪಾಳಿ ಮುಗಿಸಿ ಬೋರಿವಲಿಗೆ ಹೊರಟಿದ್ದಳು, ಕಣ್ಣು ಕೆಂಪಾಗಿತ್ತು. ಉಂಗುರದ ಕಲ್ಲಿನ ಅಂಚುಗಳೆಲ್ಲ ಸವೆದು ಮೊಂಡಾಗಿದ್ದವು. ವಜ್ರ ಹಾಗೆ ಸವೆಯುವುದಿಲ್ಲ. "ಇದು ಎ.ಡಿ., ತಾಯಿ" ಎಂದೆ ಮೆತ್ತಗೆ. ಎ.ಡಿ. ಎಂದರೆ ಅಮೆರಿಕನ್ ಡೈಮಂಡ್ ಎಂದು ಇಲ್ಲಿ ಯಾರಿಗೆ ಗೊತ್ತಿಲ್ಲ?

ಡಬ್ಬಿ ಪೂರ್ತಿ ಮರುಗಿತು. "ಅರೇರೇ! ಯಾರು ಮೋಸ ಮಾಡಿದ್ದು?" ಒಬ್ಬಳು ನೀರು ಕೊಟ್ಟಳು. ಮರಾಠಿ ಅಜ್ಜಿಯೊಬ್ಬರು ತಾವೇ ಎದ್ದು, "ಬಸ್ ಗ ಬಾಳ" ಎಂದು ಅವಳನ್ನು ತಮ್ಮ ಸೀಟಿನಲ್ಲಿ ಕೂರಿಸಿದರು. ಅವಳು ಕೂತವಳೇ ಕಿಟಕಿಗೆ ತಲೆಯಾನಿಸಿ ನಿದ್ದೆ ಹೋದಳು. ಯಾಕಾದರೂ ಹೇಳಿದೆನೋ!

ಎರಡು ದಿನ ಬಿಟ್ಟು ಮತ್ತೆ ಅದೇ ಲೋಕಲಿನಲ್ಲಿ ಸಿಕ್ಕಳು. ನಾನು ಮುಖ ತಪ್ಪಿಸುವ ಮೊದಲೇ ಜನರ ನಡುವೆ ತೂರಿಕೊಂಡು ಬಂದು ಕಿವಿಯಲ್ಲಿ ಹೇಳಿದಳು: "ಮೇಡಂ, ಅದು ಎ.ಡಿ. ಅಂತ ನನಗೆ ಗೊತ್ತಿತ್ತು, ನಾನೇ ಫುಟ್‌ಪಾತಿನಲ್ಲಿ ತಗೊಂಡಿದ್ದು. ಇವತ್ತೂ ಒಂದು ಸಲ ನೋಡಿ ಹೇಳಿ. ಸ್ವಲ್ಪ ಜೋರಾಗಿ."

ಪೇಪರ್ ಓದುವ ವಿಧಾನ

ಬಿಡಿ ಕಲ್ಲನ್ನು ಮುದ್ರಿಸಿದ ಕಾಗದದ ಮೇಲೆ ಬೋರಲು ಇಟ್ಟರೆ, ಗಾಜಾದರೆ ಕೆಳಗಿನ ಅಕ್ಷರ ಕಾಣುತ್ತದೆ. ವಜ್ರವಾದರೆ ಬೆಳಕು ಒಳಗೇ ಚದುರಿ ಓದಲಿಕ್ಕೆ ಆಗುವುದಿಲ್ಲ.

ಒಬ್ಬ ಅಜ್ಜಿ ಈ ವಿದ್ಯೆ ಕಲಿತು, ಮೊಮ್ಮಗನನ್ನು ಕರೆದುಕೊಂಡು ಬಂದರು. ಅವನಿಗೆ ಮದುವೆ ಗೊತ್ತಾಗಿತ್ತು, ಹುಡುಗಿಗೆ ಉಂಗುರ ಮಾಡಿಸಬೇಕು. ಹುಡುಗ ಹುಟ್ಟಿ ಬೆಳೆದದ್ದು ಇಲ್ಲೇ, ದೊಡ್ಡ ಕೆಲಸದಲ್ಲಿದ್ದಾನೆ. ಅಜ್ಜಿ ಚೀಲದಿಂದ ಕನ್ನಡ ಪೇಪರ್ ತೆಗೆದು ಮೇಜಿನ ಮೇಲೆ ಹರಡಿ, ನಾನು ಕೊಟ್ಟ ಕಲ್ಲನ್ನು ಅದರ ಮೇಲಿಟ್ಟರು.

"ನನಗೆ ಕಣ್ಣು ಮಂಜು. ನೀನು ನೋಡು ಮಗಾ. ಓದಲಿಕ್ಕೆ ಆಗ್ತದಾ?"

ಅವನು ಬಗ್ಗಿ ನೋಡಿದ. "ನಹೀ ಅಜ್ಜಿ. ಏನೂ ಓದಕ್ಕೆ ಬರಲ್ಲ."

"ಹಾಗಾದರೆ ಅಸಲಿಯೇ!" ಅಜ್ಜಿಗೆ ಖುಷಿಯೋ ಖುಷಿ.

ನನಗೆ ಸಂಶಯ ಬಂತು. ಕಲ್ಲು ತೆಗೆದು, "ಈಗ ಓದಪ್ಪ" ಎಂದೆ. ಅವನು ತಲೆ ಕೆರೆದುಕೊಂಡು, "ಈಗಲೂ ಬರಲ್ಲ ಆಂಟಿ. ಕನ್ನಡ ಮಾತಾಡ್ತೀನಿ, ಓದೋದು ನಹೀ ಆತಾ" ಎಂದ.

ಅಜ್ಜಿ ಅವನ ಮುಖವನ್ನೇ ನೋಡಿದರು. ಬೈಯುತ್ತಾರೆ ಎಂದುಕೊಂಡೆ. ಅವನ ಕೆನ್ನೆ ಸವರಿ ಹೇಳಿದರು: "ಪುಣ್ಯವಂತ! ಇವನ ಕೈಗೆ ಕೊಟ್ಟರೆ ರಸ್ತೆಯ ಜಲ್ಲಿಯೂ ವಜ್ರವೇ."

ಅತ್ತೆಯ ಮೂಗುಬೊಟ್ಟು

ನಮ್ಮಲ್ಲಿ ಪೆನ್ನಿನಂಥ ಒಂದು ಯಂತ್ರ ಉಂಟು. ಅದರ ಮೊನೆ ವಜ್ರಕ್ಕೆ ತಾಗಿದರೆ "ಕುಂಯ್" ಎನ್ನುತ್ತದೆ, ಅಮೆರಿಕನ್ ಡೈಮಂಡಿಗೆ ತಾಗಿದರೆ ಸುಮ್ಮನಿರುತ್ತದೆ.

ಸಯನ್ನಿನಲ್ಲಿ ನಮ್ಮದೇ ಬಿಲ್ಡಿಂಗಿನ ಎಂಬತ್ತು ದಾಟಿದ ಒಬ್ಬರು ಅಮ್ಮ, ಸೊಸೆಯ ಕೈ ಹಿಡಿದುಕೊಂಡು ಅಂಗಡಿಗೆ ಬಂದರು. ಅವರ ಮೂಗುಬೊಟ್ಟನ್ನು ಮದುವೆಯ ದಿನ ಅತ್ತೆ ಹಾಕಿದ್ದು, ಆವತ್ತಿನಿಂದ ತೆಗೆದಿಲ್ಲ, ಈಗ ತೆಗೆಯಲೂ ಬರುವುದಿಲ್ಲ. "ಅತ್ತೆ ಒಳ್ಳೆಯದನ್ನೆಲ್ಲ ದೊಡ್ಡ ಸೊಸೆಗೆ ಕೊಟ್ಟರು, ನನಗೆ ಗಾಜು ಚುಚ್ಚಿದರು. ಸಾಯುವ ಮೊದಲು ಒಮ್ಮೆ ಗೊತ್ತಾಗಬೇಕು" ಎಂದರು.

ಮೂಗಿನಲ್ಲಿದ್ದ ಹಾಗೇ ನೋಡಬೇಕಾಯಿತು. ಅವರು ಇಂಜೆಕ್ಷನ್ ಚುಚ್ಚಿಸಿಕೊಳ್ಳುವವರ ಹಾಗೆ ಕಣ್ಣು ಮುಚ್ಚಿದರು. ಪೆನ್ನು ತಾಗಿಸಿದೆ. "ಕುಂಯ್!"

ಅಮ್ಮ ಬೆಚ್ಚಿಬಿದ್ದು ಕೇಳಿದರು: "ಎಷ್ಟುಂಟು? ಜ್ವರ ಉಂಟಾ?"

"ಜ್ವರ ಅಲ್ಲ ಅಮ್ಮ, ವಜ್ರ. ಒಳ್ಳೆಯ ವಜ್ರ."

ಅವರ ಕಣ್ಣು ತುಂಬಿತು. ಮೂಗನ್ನು ಮುಟ್ಟಿ ಮುಟ್ಟಿ ನೋಡಿಕೊಂಡರು. "ಪಾಪ ಮಾರಾಯ್ತಿ, ಅರವತ್ತು ವರ್ಷ ಸುಮ್ಮನೆ ಬೈದೆ. ಅತ್ತೆಗೆ ನನ್ನ ಮೇಲೆ ಪ್ರೀತಿ ಇತ್ತು." ಸೊಸೆಯೂ ಕಣ್ಣೊರೆಸಿಕೊಂಡಳು. ನಾನೂ ಅತ್ತಿತ್ತ ನೋಡಿದೆ.

ಬಾಗಿಲ ತನಕ ಹೋದವರು ತಿರುಗಿ ಬಂದು ತಗ್ಗಿದ ಸ್ವರದಲ್ಲಿ ಕೇಳಿದರು: "ಅಲ್ಲ, ಈ ಪೆನ್ನು ಒಂದು ದಿನದ ಮಟ್ಟಿಗೆ ಮನೆಗೆ ಸಿಕ್ಕೀತಾ? ನಮ್ಮ ಅತ್ತೆಯ ದೊಡ್ಡ ಸೊಸೆಯದ್ದೂ ನೋಡಬೇಕಿತ್ತು."

ಗಂಡ, ಹೆಂಡತಿ, ಉಂಗುರ

ಒಂದು ಬುಧವಾರ ವಿಜಯಪುರದ ಕಡೆಯ ಹೆಂಗಸೊಬ್ಬರು ಬಂದರು. ಗಂಡನಿಗೆ ವಿಕ್ರೋಳಿಯಲ್ಲಿ ಹೊಲಿಗೆ ಅಂಗಡಿ. ಮಗಳ ನಿಕಾ ಹತ್ತಿರ ಬಂದಿತ್ತು. ತಮ್ಮ ಉಂಗುರವನ್ನು ಮಗಳ ಬೆರಳಿಗೆ ಸರಿಯಾಗಿ ಸಣ್ಣದು ಮಾಡಿಸಲು ಶನಿವಾರ ಎಲ್ಲರೂ ಬರುವವರಿದ್ದರು. ನಮ್ಮಲ್ಲಿ ಕಲ್ಲಿನ ಒಡವೆ ರಿಪೇರಿಗೆ ಬಂದರೆ, ಮೊದಲು ಗಿರಾಕಿಯ ಎದುರಿಗೇ ಕಲ್ಲು ಪರೀಕ್ಷಿಸುವುದು ಪದ್ಧತಿ. ಅದು ಅವರ ಕಿವಿಗೆ ಬಿದ್ದಿತ್ತು.

"ಅಕ್ಕಾರ, ಅದು ವಜ್ರ ಅಲ್ರೀ. ನಮ್ಮ ಮನಿಯವರು ಕೊಟ್ಟ ವಾರದಾಗ ನನಗ ಗೊತ್ತಾಗಿತ್ತು. ಪಾಪ, ಅವರು ವಜ್ರ ಅಂತ ನಂಬಿ ತಂದಾರ. ಅವರ ಮುಂದ ಹೇಳಬ್ಯಾಡ್ರೀ" ಎಂದು ಕೈ ಹಿಡಿದುಕೊಂಡರು.

ಗುರುವಾರ ಮಧ್ಯಾಹ್ನ ಕುತ್ತಿಗೆಯಲ್ಲಿ ಅಳತೆಯ ಟೇಪು ಹಾಗೇ ಬಿಟ್ಟುಕೊಂಡು ಒಬ್ಬರು ಬಂದರು. "ಅಕ್ಕಾರ, ಶನಿವಾರ ಒಂದು ಉಂಗುರ ತರ್ತೀವಿ. ಅದು ವಜ್ರ ಅಲ್ರೀ. ಮದಿವಿ ಆದ ಹೊಸದಾಗ ಅಕಿ ಮುಂದ ವಜ್ರ ಅಂತ ಹೇಳಿಬಿಟ್ಟೆ. ಜಲ್ಮದಾಗ ಅಕಿಗೆ ಹೇಳಿದ್ದು ಅದೊಂದ ಸುಳ್ಳು. ದಯಮಾಡಿ ಹೇಳಬ್ಯಾಡ್ರೀ."

ಎರಡು ರಾತ್ರಿ ನನಗೆ ನಿದ್ದೆ ಬರಲಿಲ್ಲ. ಸುಳ್ಳು ಹೇಳಿದರೆ ಕೆಲಸ ಹೋಗುತ್ತದೆ, ನಿಜ ಹೇಳಿದರೆ ಒಂದು ಸಂಸಾರ ಹಾಳಾಗುತ್ತದೆ.

ಶನಿವಾರ ಮೂವರೂ ಬಂದು ಸಾಲಾಗಿ ಕೂತರು, ಮಗಳು ನಡುವೆ. ಪೆನ್ನು ತಾಗಿಸಿದೆ, ಅದು ಕಮಕ್ ಕಿಮಕ್ ಎನ್ನಲಿಲ್ಲ. ಭೂತಗನ್ನಡಿ ಕಣ್ಣಿಗೆ ಹಿಡಿದು ತಲೆ ತಗ್ಗಿಸಿದವಳು ಎತ್ತಲೇ ಇಲ್ಲ.

"ಆಂಟಿ, ರಿಯಲ್ ಹೈ ನಾ?" ಎಂದಳು ಮಗಳು.

ತಲೆ ಎತ್ತಿ ನೋಡಿದರೆ ಬಲಗಡೆಯಿಂದ ತಾಯಿ ಕಣ್ಸನ್ನೆ ಮಾಡುತ್ತಿದ್ದಾರೆ, ಎಡಗಡೆಯಿಂದ ತಂದೆ ಕಣ್ಸನ್ನೆ ಮಾಡುತ್ತಿದ್ದಾರೆ. ಮಗಳು ಅತ್ತ ನೋಡಿದಳು, ಇತ್ತ ನೋಡಿದಳು. "ಅಮ್ಮಿ, ಅಬ್ಬಾ, ಇಬ್ಬರಿಗೂ ಕಣ್ಣಿಗೆ ಏನಾಯ್ತು?"

ಗಂಡ ಹೆಂಡತಿ ಒಬ್ಬರನ್ನೊಬ್ಬರು ನೋಡಿಕೊಂಡರು.

"ನಿನಗ ಗೊತ್ತಿತ್ತೇನು?"

"ನಿಮಗ ಗೊತ್ತಿತ್ತೇನ್ರೀ?"

ಗಂಡ, "ಗೊತ್ತಿದ್ದ ಮ್ಯಾಲ ಇಪ್ಪತ್ತಾರು ವರ್ಷ ಅದನ್ನ ಬ್ಯಾಂಕಿನ ಲಾಕರಿನಾಗ ಯಾಕ ಇಟ್ಟಿ?" ಎಂದರು.

"ನೀವು ಪ್ರೀತಿಲೆ ತಂದದ್ದು, ಮನ್ಯಾಗ ಇಟ್ಟರ ನಿಮಗ ಸಂಶೇ ಬರತಿತ್ತು! ನಿಮಗ ಗೊತ್ತಿದ್ದ ಮ್ಯಾಲ ಲಾಕರಿನ ಬಾಡಗಿ ಯಾಕ ಕಟ್ಟಿದ್ರಿ?"

"ಕಟ್ಟದಿದ್ರ ನಿನಗ ಸಂಶೇ ಬರತಿತ್ತು!"

ಇಬ್ಬರೂ ನಗಲು ಶುರು ಮಾಡಿದರು. ಗಂಡ ಕುತ್ತಿಗೆಯಲ್ಲಿದ್ದ ಟೇಪಿನ ತುದಿಯಲ್ಲಿ ಕಣ್ಣೊರೆಸಿಕೊಂಡರೆ, ಹೆಂಡತಿ ಅವರ ತೋಳಿಗೆ ಒಂದು ಗುದ್ದು ಕೊಟ್ಟರು. ನನ್ನ ಎದೆಯ ಭಾರ ಇಳಿಯಿತು. ಮಗಳೊಬ್ಬಳೇ ನಗದೆ ಏನೋ ಯೋಚಿಸುತ್ತಿದ್ದಳು.

"ಅಮ್ಮಿ, ಲಾಕರಿನಲ್ಲಿ ಈ ಉಂಗುರ ಇತ್ತು. ಮತ್ತೆ ನನ್ನ ಮದುವೆಯ ಬಂಗಾರ ಎಲ್ಲಾ ಎಲ್ಲಿದೆ?"

"ಲಾಕರ್ ಸಣ್ಣದವ್ವಾ, ವಜ್ರ ಇಟ್ಟ ಜಾಗಾದಾಗ ಬ್ಯಾರೇದು ಯಾಕ ತುರುಕೋದಂತ…" ಎಂದು ತಾಯಿ ತಡವರಿಸಿದರು. "ಅದು ಮನ್ಯಾಗ ಜ್ವಾಳದ ಹಿಟ್ಟಿನ ಡಬ್ಬ್ಯಾಗ ಐತಿ."

ಗಂಡನ ಮುಖ ಬಿಳುಚಿತು. "ಯಾವ ಡಬ್ಬಿ? ನಿನ್ನೆ ನೀ ಇಲ್ಲದಾಗ ನಿಮ್ಮ ಅಕ್ಕ ಒಂದು ಒಯ್ದಳು, ಆ ಡಬ್ಬೀನಾ?"

ಉಂಗುರ ನನ್ನ ಮೇಜಿನ ಮೇಲೇ ಬಿಟ್ಟು ಮೂವರೂ ಎದ್ದು ಓಡಿದರು. ಸಂಜೆ ಅವರಿಂದ ಫೋನ್ ಬಂತು. ಬಂಗಾರ ಪೂರ್ತಿ ಸಿಕ್ಕಿತಂತೆ. ಅಕ್ಕ ರೊಟ್ಟಿ ಬಡಿಯಲು ಕೂತವರು, ಹಿಟ್ಟಿನಲ್ಲಿ ಬಳೆ ಸಿಕ್ಕಿದ್ದೇ, ಅಷ್ಟು ಹೊಳೆಯುವುದು ನಕಲಿಯೇ ಇರಬೇಕೆಂದು ಮಕ್ಕಳಿಗೆ ಆಡಲು ಕೊಟ್ಟಿದ್ದರಂತೆ.