ಮಿಷನ್ನಿಗೆ ಬಂದ ಮೂಸಂಬಿ

ರೇಡಿಯೋ ರಿಪೇರಿ ಮಾಡುವವನ ಮನೆಯಲ್ಲಿ ಇಂಥವು ಆಗುತ್ತಲೇ ಇರುತ್ತವೆ. ಊರಿನವರ ಮನೆಯ ಸದ್ದನ್ನೆಲ್ಲ ಸರಿಮಾಡಿ ಬಂದರೆ, ನಮ್ಮ ಮನೆಯ ಸದ್ದು ಕೇಳಿ ಊರೇ ಬಂದು ಬಾಗಿಲಲ್ಲಿ ನಿಂತಿರುತ್ತದೆ. ನಾನು ಹೇಳುತ್ತಿರುವುದು ಎಂಬತ್ತರ ದಶಕದ ಮಾತು. ಮಧುಗಿರಿ ಬಸ್ ಸ್ಟ್ಯಾಂಡಿನ ಹತ್ತಿರ ನನ್ನ ಅಂಗಡಿ, ಅದರ ಹಿಂದಿನ ಬೀದಿಯಲ್ಲಿ ಮನೆ. ಮನೆಯಲ್ಲಿ ನಾನು, ನನ್ನ ಹೆಂಡತಿ, ಮತ್ತೆ ಅವಳ ದಮ್ಮು.

ಮೋಡ ಕವಿದರೆ ಸಾಕು, ದಿಂಬಿಗೆ ಒರಗಿ ಕೂತುಬಿಡುತ್ತಿದ್ದಳು. ಮಲಗಿದರೆ ಉಸಿರು ಕಟ್ಟುತ್ತಿತ್ತು. ಅಂಥ ಹೊತ್ತಿನಲ್ಲಿ ವೀಣೆಯ ರೆಕಾರ್ಡು ಹಾಕಿದರೆ ಸ್ವಲ್ಪ ಹದಕ್ಕೆ ಬರುತ್ತಿದ್ದಳು. "ಹಾಡೋರು ಬ್ಯಾಡ ಕಣ್ರೀ. ಅವ್ರು ಉಸ್ರು ಹಿಡಿದ್ರೆ ನಂಗೂ ಕಟ್ತದೆ. ವೀಣೆಗೆ ಆ ಕಷ್ಟ ಇಲ್ಲ" ಅನ್ನುತ್ತಿದ್ದಳು. ನನ್ನ ಹಳೇ ಪ್ಲೇಯರೋ, ವೀಣೆಯ ಜೊತೆಗೆ ಹಿಟ್ಟಿನ ಗಿರಣಿಯನ್ನೂ ಕೇಳಿಸುತ್ತಿತ್ತು. ಅವಳಿಗೆ ಗಿರಣಿಯಿಲ್ಲದ ವೀಣೆ ಕೇಳಿಸಬೇಕು ಅನ್ನುವುದೊಂದು ನನ್ನ ತಲೆಗೆ ಹತ್ತಿತು. ಇಷ್ಟೆಲ್ಲ ಆದದ್ದು ಅದರಿಂದ.

ಗಾಳಿ ಮೇಲಿನ ಪ್ರಯಾಣ

ಬೆಂಗಳೂರಿನಲ್ಲಿ ಒಬ್ಬ ವಿದೇಶಿ ಎಂಜಿನಿಯರು ಊರಿಗೆ ವಾಪಸ್ಸು ಹೊರಟಿದ್ದ. ಅವನ ಹತ್ತಿರ ಒಂದು ರೆಕಾರ್ಡ್ ಪ್ಲೇಯರ್ ಇತ್ತು. ಅದರ ತಟ್ಟೆ ಯಾವುದಕ್ಕೂ ತಾಗುವುದಿಲ್ಲ. ಕೆಳಗಿನಿಂದ ಪಂಪು ಗಾಳಿ ಊದುತ್ತದೆ, ತಟ್ಟೆ ಕೂದಲೆಳೆಯಷ್ಟು ಮೇಲೆದ್ದು ಗಾಳಿಯ ಮೇಲೇ ತಿರುಗುತ್ತದೆ. ಮುಳ್ಳಿರುವ ಕೈಯೂ ಒಂದು ಕೊಳವೆಯ ಮೇಲೆ ಗಾಳಿಯಲ್ಲೇ ಜಾರುತ್ತದೆ. ಎಲ್ಲೂ ಉಜ್ಜುವುದಿಲ್ಲ, ಅದಕ್ಕೇ ಗರಗರ ಇಲ್ಲ. ಪಂಪು ಸುಟ್ಟುಹೋಗಿದ್ದರಿಂದ ನನ್ನಂಥವನ ಕೈಗೂ ಎಟುಕಿತು.

ತಟ್ಟೆಯನ್ನು ಕಂಬಳಿಯಲ್ಲಿ ಸುತ್ತಿ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಕೂತೆ. ಕೊರಟಗೆರೆ ಬರುವ ಹೊತ್ತಿಗೆ ಕಾಲು ಜೋಮು ಹಿಡಿದು ನನ್ನದೋ ಪಕ್ಕದವನದೋ ಗೊತ್ತಾಗದಂತಾಗಿತ್ತು. ಕಂಡಕ್ಟರು ಕಂಬಳಿ ಮುಟ್ಟಿ ನೋಡಿದ.

"ಏನ್ರೀ ಇದು, ಬೀಸೋ ಕಲ್ಲಾ? ಲಗೇಜ್ ಹಾಕ್ಬೇಕಾಗ್ತದೆ."

"ಕಲ್ಲಲ್ಲಪ್ಪ, ರೆಕಾರ್ಡ್ ಪ್ಲೇಯರಿನ ತಟ್ಟೆ. ಗಾಳಿ ಮೇಲೆ ತೇಲ್ತದೆ" ಅಂದೆ. ಸುಮ್ಮನಿರಬಹುದಿತ್ತು.

ಅವನು ಕಂಬಳಿಯನ್ನೂ ನೋಡಿದ, ನನ್ನ ಮುಖವನ್ನೂ ನೋಡಿದ. "ಗಾಳಿ ಮೇಲೆ ತೇಲೋದನ್ನ ಬಸ್ಸಲ್ಲಿ ಯಾಕ್ ತಂದ್ರಿ ಸ್ವಾಮಿ? ದಾರ ಕಟ್ಟಿ ಕಿಟಕಿ ಆಚೆ ಬುಟ್ಟಿದ್ರೆ ಅದೇ ಬರ್ತಿತ್ತು" ಅಂದು ಲಗೇಜ್ ಟಿಕೆಟ್ ಹರಿದ.

ಮಟ್ಟ

ಈ ಮಿಷನ್ನಿನ ಇನ್ನೊಂದು ಗುಣ, ಕೂತ ಜಾಗ ಚೂರು ಓರೆಯಾದರೂ ಮುಳ್ಳಿನ ಕೈ ತಾನಾಗಿ ತಗ್ಗಿನ ಕಡೆ ಜಾರಿಹೋಗುತ್ತದೆ. ನಮ್ಮ ಮನೆಯ ಗಾರೆ ನೆಲ ಹಾಕಿದವನು, ನೀರು ಚೆಲ್ಲಿದರೆ ಬಚ್ಚಲಿಗೆ ಹೋಗಲಿ ಅಂತ ಇಡೀ ಮನೆಯನ್ನೇ ಬಚ್ಚಲ ಕಡೆಗೆ ಬಾಗಿಸಿದ್ದ. ಎಲ್ಲಿಟ್ಟರೂ ಮುಳ್ಳು ಸ್ನಾನಕ್ಕೆ ಹೊರಡುತ್ತಿತ್ತು.

ಕೊಡಿಗೇನಹಳ್ಳಿಯಿಂದ ಗಾರೆ ಕೆಲಸದ ಮೇಸ್ತ್ರಿಯನ್ನು ಕರೆಸಿದೆ. ಅವನು ಗುಳ್ಳೆಯೋಡುವ ರಸಮಟ್ಟ ಇಟ್ಟುಕೊಂಡು ಮೂಲೆಮೂಲೆಯಲ್ಲೂ ಕುಕ್ಕರುಗಾಲಲ್ಲಿ ಕೂತು ನೋಡಿದ. "ಮಿಷನ್ ಸರಿಗೈತೆ ಬುಡಿ. ಮನೇನೇ ಓರೆ. ಕೆಡವಿ ಕಟ್ಟಾಣ?" ಅಂದ.

"ಮನೆ ಆಮ್ಯಾಕೆ ನೋಡಾಣ, ಮೊದ್ಲು ಮನೆ ಯಜಮಾನ್ರಿಗೆ ರಸಮಟ್ಟ ಇಟ್ಟು ನೋಡಪ್ಪ" ಅಂದಳು ನನ್ನ ಹೆಂಡತಿ, ಮಂಚದ ಮೇಲಿಂದ.

ಮೇಸ್ತ್ರಿಗೆ ಆಗ ಮಂಚದ ಕಡೆ ಕಣ್ಣು ಹೋಯಿತು. ಅದರ ಅಡಿಗೆ ತೂರಿ ರಸಮಟ್ಟ ಇಟ್ಟ. ಗುಳ್ಳೆ ನಟ್ಟನಡುವೆ ನಿಂತಿತು. ಮನೆಯಲ್ಲೆಲ್ಲ ಮಟ್ಟಸವಾಗಿದ್ದದ್ದು ಅವಳು ಮಲಗುವ ಜಾಗ ಒಂದೇ. ಅವಳೇ ಎದ್ದು ಹಾಸಿಗೆ ಸುತ್ತಿದಳು. ಅವಳ ಜಾಗದಲ್ಲಿ ಚಪ್ಪಡಿ ಕಲ್ಲು ಬಂತು, ಕಲ್ಲಿನ ಮೇಲೆ ಮಿಷನ್ನು. ಮಂಚ ಕಿಟಕಿಯ ಪಕ್ಕಕ್ಕೆ ಸರಿಯಿತು.

"ಸವತಿ ತಂದ್ರೂ ಇಷ್ಟು ಬ್ಯಾಗ ನನ್ನ ಜಾಗ ಹೋಗ್ತಿರ್ಲಿಲ್ಲ" ಅಂದಳು.

ದಮ್ಮು

ಜಾಗ ಸಿಕ್ಕಿತು, ಗಾಳಿ ಸಿಗಲಿಲ್ಲ. ಸೈಕಲ್ ಪಂಪಿನಲ್ಲಿ ಊದಿ ನೋಡಿದೆ. ತಟ್ಟೆ ಎದ್ದಿತು, ನಾನು ಬಿದ್ದೆ. ಕೊನೆಗೆ ಶಿರಾದಲ್ಲಿ ಲಾರಿಗಳಿಗೆ ಬಣ್ಣ ಹೊಡೆಯುವ ನನ್ನ ಸ್ನೇಹಿತ ಸಾಬರು ತಮ್ಮ ಹಳೇ ಕಂಪ್ರೆಸರನ್ನು, ಅದರ ಉದ್ದ ಸಿಲಿಂಡರಿನಂಥ ಟ್ಯಾಂಕಿನ ಸಮೇತ ಕೊಟ್ಟರು. ಪಂಪಿನ ಸದ್ದು ಕೇಳಬಾರದೆಂದು ಅದನ್ನು ಹಿತ್ತಲಿನಲ್ಲಿಟ್ಟು, ಕೆಂಪು ರಬ್ಬರ್ ಪೈಪನ್ನು ಕಿಟಕಿಯಿಂದ ಒಳಗೆ ತಂದೆವು.

ಮೊದಲ ದಿನ ಸಾಬರೇ ಸ್ವಿಚ್ ಹಾಕಿದರು. ತಟ್ಟೆ ಎದ್ದಿತು, ತಿರುಗಿತು, ವೀಣೆ ಶುರುವಾಯಿತು. ಗಿರಣಿ ಇಲ್ಲ. ತಂತಿಯ ಮೇಲೆ ಬೆರಳು ಜಾರುವುದು ಕೂಡ ಕೇಳುತ್ತಿತ್ತು. ನಾನು ಹೆಂಡತಿಯ ಮುಖ ನೋಡಿದೆ. ಅವಳ ಕಣ್ಣಲ್ಲಿ ನೀರು. ಸಾಬರು ಮೆಲ್ಲಗೆ, "ನೋಡು ಭಾಯಿ, ಅಕ್ಕನಿಗೆ ಎಷ್ಟು ಹಿಡಿಸಿಬಿಡ್ತು" ಅಂದರು.

"ವೀಣೆ ಅಲ್ಲ ಅಣ್ಣಾ" ಅಂತ ಕೆಮ್ಮುತ್ತಾ ಹೇಳಿದಳು, "ಟರ್ಪೆಂಟೈನು."

ಟ್ಯಾಂಕಿನಲ್ಲಿ ಉಳಿದಿದ್ದ ಬಣ್ಣದ ವಾಸನೆಯೆಲ್ಲ ಗಾಳಿಯ ಜೊತೆ ಮನೆ ತುಂಬಿತ್ತು. ಆವತ್ತು ಅವಳ ಉಸಿರು ಹದಕ್ಕೆ ಬರುವಷ್ಟರಲ್ಲಿ ನಮ್ಮಿಬ್ಬರ ಉಸಿರೂ ಹೋಗಿತ್ತು. ಸಾಬರು ಟ್ಯಾಂಕನ್ನು ವಾಪಸ್ಸು ಒಯ್ದು, ಉಜ್ಜಿ ತೊಳೆದು, ಬಿಸಿಲಿಗಿಟ್ಟು, ಅತ್ತರು ಅದ್ದಿಡುವ ಹತ್ತಿಯನ್ನು ಪೈಪಿನ ಬಾಯಿಗೆ ತುರುಕಿ ತಂದರು. ಆಮೇಲೆ ಬಹಳ ದಿನ ನಮ್ಮ ವೀಣೆ ಅತ್ತರು ಪೂಸಿಕೊಂಡೇ ನುಡಿಯಿತು.

ರೋಗಿ ಯಾರು

ಟ್ಯಾಂಕು ಎರಡನೇ ಸಲ ಬಂದದ್ದು ತಳ್ಳುಗಾಡಿಯಲ್ಲಿ, ಸಂತೆಯ ದಿನ, ಊರೆಲ್ಲ ನೋಡುವಾಗ. ನನ್ನ ಹೆಂಡತಿಗೆ ದಮ್ಮು ಅಂತ ಎಲ್ಲರಿಗೂ ಗೊತ್ತು. ಸಿಲಿಂಡರು ಮನೆಗೆ ಹೋಯಿತು, ಕಿಟಕಿಯಲ್ಲಿ ಪೈಪು ಇಳಿಬಿದ್ದಿದೆ. ಮುಗಿಯಿತು. ಸಾಯಂಕಾಲದ ಹೊತ್ತಿಗೆ ಅವಳಿಗೆ ಆಕ್ಸಿಜನ್ ಹಾಕಿದ್ದಾರೆ ಅಂತ ಸುದ್ದಿ. ಬ್ರೆಡ್ಡು, ಮೂಸಂಬಿ ಹಿಡಿದು ಜನ ಬರತೊಡಗಿದರು. ಅವಳು ಅವರೆಕಾಯಿ ಬಿಡಿಸುತ್ತಾ ಕೂತು, ಬಂದವರಿಗೆಲ್ಲ ಕಾಫಿ ಕೊಟ್ಟಳು.

ಮಾರನೇ ದಿನ ಪಾವಗಡದಿಂದ ಅವಳ ಸೋದರತ್ತೆ ಬಂದರು. ಬೀದಿಯ ಮೂಲೆಯಿಂದಲೇ ತೆಲುಗು ಬೆರೆಸಿ "ಅಯ್ಯೋ ನಾ ತಲ್ಲೀ, ನನ್ನ ಬುಟ್ಟು ಹೋಗ್ತೀಯಾ" ಅಂತ ಅಳುತ್ತಾ ಬಂದವರು ಸೀದಾ ಒಳಗೆ ನುಗ್ಗಿ ಕಿಟಕಿಯ ಪೈಪು ಹಿಡಿದರು. ಅದನ್ನೇ ಸವರಿಕೊಂಡು, ಕಣ್ಣೀರಲ್ಲಿ ದಾರಿ ಕಾಣದೆ, ಪೈಪಿನ ಕೊನೆಯಲ್ಲಿದ್ದದ್ದನ್ನು ತಬ್ಬಿಕೊಂಡರು. ತಣ್ಣಗಿತ್ತು. ಕಣ್ಣೊರೆಸಿ ನೋಡಿದರೆ ಮಿಷನ್ನು.

ಹಿಂದಿನಿಂದ ನನ್ನ ಹೆಂಡತಿ, "ಅತ್ತೇ, ನಾನು ಇಲ್ಲಿದ್ದೀನಿ" ಅಂದಳು.

"ಏಮಯ್ಯಾ ಅಳಿಯಾ, ಈ ಹಾಡಿನ ಪೆಟ್ಟಿಗೇಗಾ ನಾನು ಬಸ್ಸಲ್ಲಿ ಪಾವಗಡದಿಂದ ಅಳ್ತಾ ಬಂದಿದ್ದು? ಇನ್ನೊಂದು ಸಾರಿ ನೀನು ಹೇಳಿಕಳ್ಸಿದ್ರೂ ಅಳಲ್ಲ ಪೋ" ಅಂದರು.

ಅವರು ಹೋದಮೇಲೆ ಹೆಂಡತಿ ಒಂದು ಮೂಸಂಬಿ ಸುಲಿದು ತೊಳೆಯೊಂದನ್ನು ನನ್ನ ಕೈಗಿಟ್ಟಳು. "ತಿನ್ರಿ. ಎಲ್ಲಾ ನಿಮ್ಮ ಮಿಷನ್ನಿಗೆ ಬಂದಿರೋದು. ನಂಗೆ ನಿಜವಾಗಿ ಬಂದಾಗ ಒಬ್ರೂ ತರಲ್ಲ, ನೋಡ್ತಿರಿ." ಹೊಟ್ಟೆ ಹಿಡಿದುಕೊಂಡು ನಕ್ಕೆವು.

ತಟ್ಟೆ

ಅದಾಗಿ ಒಂದೆರಡು ವರ್ಷ ಚೆನ್ನಾಗಿ ಕಳೆಯಿತು. ಆಮೇಲೊಂದು ಚಳಿಗಾಲದಲ್ಲಿ ಕಟ್ಟಿದ ಉಸಿರು ಬಿಡಲೇ ಇಲ್ಲ. ಸೂಜಿ, ಮಾತ್ರೆ ಎಲ್ಲ ಆಯಿತು. ಆಸ್ಪತ್ರೆಗೆ ಬರಲಾರೆ, ಮಿಷನ್ ಇಲ್ಲೇ ಐತೆ ಅಂತ ಹಟ ಹಿಡಿದಳು. ಡಾಕ್ಟರು ಮನೆಗೇ ಆಕ್ಸಿಜನ್ ಸಿಲಿಂಡರಿಗೆ ಏರ್ಪಾಡು ಮಾಡಿದರು.

ತಳ್ಳುಗಾಡಿಯಲ್ಲಿ ಸಿಲಿಂಡರು ತರುತ್ತಿದ್ದೆ. ಹೋಟೆಲಿನ ಮುಂದೆ ಕೂತವರು ನಗಾಡಿದರು. "ಏನಣ್ಣ, ಮಿಷನ್ನಿಗೆ ಮತ್ತೆ ದಮ್ಮು ಬಂತಾ?"

"ಇಲ್ಲಪ್ಪ, ಈ ಸಲ ಅವಳಿಗೇ" ಅಂದೆ.

"ಬುಡಣ್ಣ, ಒಂದ್ಸಲ ಬ್ರೆಡ್ ತಂದು ಕಾಫಿ ಕುಡ್ಕೊಂಡು ಬಂದೀವಿ" ಅಂತ ಇನ್ನೂ ನಕ್ಕರು. ಅವರದು ತಪ್ಪಿಲ್ಲ. ನನಗೂ ವಾದ ಮಾಡುವ ಶಕ್ತಿ ಇರಲಿಲ್ಲ. ಅವಳು ವೀಣೆ ಹಾಕು ಅನ್ನುತ್ತಿದ್ದಳು, ನಾನು ಹಾಕುತ್ತಿದ್ದೆ. ಬೀದಿಯಲ್ಲಿ ಹೋಗುವವರಿಗೆ ವೀಣೆ ಕೇಳಿಸುತ್ತಿತ್ತು. ವೀಣೆ ಕೇಳುವ ಮನೆಯಲ್ಲಿ ಯಾರಿಗೆ ಏನಾಗಿರುತ್ತದೆ? ಪಾವಗಡಕ್ಕೆ ಹೇಳಿಕಳಿಸಿದೆ. ಅತ್ತೆ ಬರಲಿಲ್ಲ.

ಒಂದು ಬೆಳಿಗ್ಗೆ ಸಾಬರು ಬಂದರು, ಕೈಯಲ್ಲಿ ಸ್ಪ್ಯಾನರು. "ಹೊಸಾ ಟ್ಯಾಂಕ್ ತಗೊಂಡ್ಯಂತೆ ಭಾಯಿ, ನನ್ನದು ಕೈ ಕೊಡ್ತಾ?" ಅನ್ನುತ್ತಾ ಒಳಗೆ ಬಂದವರು ಮಂಚದ ಹತ್ತಿರ ನಿಂತುಬಿಟ್ಟರು. ಅವಳು ಮೂಗಿನ ಪೈಪು ಚೂರು ಸರಿಸಿ, "ಈ ಸಲ ಪೈಪು ಸರಿಯಾದ ಜಾಗಕ್ಕೇ ಬಂದೈತೆ ಅಣ್ಣಾ" ಅಂದಳು. ಸಾಬರು ಸ್ಪ್ಯಾನರು ಅಲ್ಲೇ ಬಿಟ್ಟು ಹೊರಗೆ ಓಡಿದರು. ಬಜಾರಿನಲ್ಲಿ ಹೋಟೆಲಿಂದ ಹೋಟೆಲಿಗೆ ಹೋಗಿ, "ನಿಜವಾಗ್ಲೂ ಅಕ್ಕನಿಗೇ ಕಣ್ರಪ್ಪ, ಅಲ್ಲಾನ ಆಣೆ" ಅಂತ ಹೇಳಿದರಂತೆ. ಪಾವಗಡದ ಬಸ್ಸಿನ ಡ್ರೈವರಿಗೂ ಹೇಳಿ ಅತ್ತೆಗೆ ಸುದ್ದಿ ಮುಟ್ಟಿಸಿದರು.

ಅವರು ಆ ಕಡೆ ಹೋದಾಗ ಈ ಕಡೆ ರೆಕಾರ್ಡಿನ ಒಂದು ಮಗ್ಗುಲು ಮುಗಿಯಿತು. ತಿರುವಿ ಹಾಕೋಣ ಅಂತ ಮುಳ್ಳೆತ್ತಿ ರೆಕಾರ್ಡು ತೆಗೆದೆ. "ಇನ್ನೊಂದು ಕಡೆ ಹಾಕಲೇನೇ?" ಅಂತ ಕೇಳಿದೆ. ಉತ್ತರ ಬರಲಿಲ್ಲ. ತಿರುಗಿ ನೋಡಿದೆ. ಅವಳು ಹೋಗಿಬಿಟ್ಟಿದ್ದಳು.

ಊರಿನವರು ಬಂದರು. ರೋಗಿಯನ್ನು ನೋಡಲು ಹೊರಟವರು, ಬಂದದ್ದು ಸಾವಿನ ಮನೆಗೆ. ಎಲ್ಲರ ಕೈಯಲ್ಲೂ ಮೂಸಂಬಿ. ಸಾವಿನ ಮನೆಗೆ ಹಣ್ಣು ಹಿಡಿದು ಯಾರಾದರೂ ಬರುತ್ತಾರೆಯೇ? ಒಬ್ಬರು ಬೆನ್ನ ಹಿಂದೆ ಬಚ್ಚಿಟ್ಟರು, ಒಬ್ಬರು ಪಂಚೆಯ ಮಡಿಲಲ್ಲಿ. ಕೈ ಮುಗಿಯಲು ಹೋಗಿ ಒಬ್ಬರ ಮಡಿಲಿಂದ ಉದುರಿದ ಮೂಸಂಬಿ ನೇರ ಬಚ್ಚಲ ಕಡೆಗೆ ಉರುಳಿತು. ಇದೆಲ್ಲ ಆಮೇಲೆ ಸಾಬರು ಹೇಳಿದ್ದು, ನಾನು ಯಾವುದನ್ನೂ ನೋಡುವ ಸ್ಥಿತಿಯಲ್ಲಿರಲಿಲ್ಲ.

ಮಣ್ಣು ಮಾಡಿ ಬಂದಾಗ ಜನ ಕರಗಿದ್ದರು. ಅವಳನ್ನು ಮಲಗಿಸಿದ್ದ ಕಡೆ ದೀಪ ಹಚ್ಚಿದ್ದರು. ಪಾವಗಡದ ಅತ್ತೆ ಆಗ ತಾನೇ ಬಂದಿಳಿದಿದ್ದರು. ಈ ಸಲ ಅಳದೆ ಬಂದಿದ್ದರಂತೆ, ಬಾಗಿಲಿನವರೆಗೆ. ಈಗ ಚಪ್ಪಡಿ ಕಲ್ಲಿನ ಪಕ್ಕ ಕೂತು ಮಿಷನ್ನನ್ನೇ ನೋಡುತ್ತಿದ್ದರು. ನಾನೂ ನೋಡಿದೆ.

ಮುಳ್ಳೆತ್ತಿದವನು ಮೋಟಾರು ಆರಿಸಿರಲಿಲ್ಲ. ಹಿತ್ತಲಿನ ಪಂಪನ್ನೂ ಯಾರೂ ನಿಲ್ಲಿಸಿರಲಿಲ್ಲ. ದಿನಾ ಹೋಗುವ ಕರೆಂಟು ಆವತ್ತು ಹೋಗಿರಲಿಲ್ಲ. ಕೈಯಲ್ಲಿದ್ದ ಹಣ್ಣನ್ನು ಎಲ್ಲಿಡಬೇಕೆಂದು ತಿಳಿಯದೆ ಜನ ಕಲ್ಲಿನ ಮೇಲೆ, ಮಿಷನ್ನಿನ ಸುತ್ತ ಇಟ್ಟುಹೋಗಿದ್ದರು. ಯಾರೋ ಒಬ್ಬರು ಜಾಗ ಸಾಲದೆ ತಟ್ಟೆಯ ಮೇಲೇ ಒಂದು ಚೀಲ ಇಟ್ಟಿದ್ದರು. ಆ ಚೀಲ ಮೂಸಂಬಿ ಗಾಳಿಯ ಮೇಲೆ ಸದ್ದಿಲ್ಲದೆ ಸುತ್ತುತ್ತಾ ಇತ್ತು.

ನನಗೆ ನಗು ಬಂದುಬಿಟ್ಟಿತು. ತಡೆಯಲಾಗಲಿಲ್ಲ. ಸಾಬರು ಓಡಿಬಂದು ನನ್ನ ಹೆಗಲು ಹಿಡಿದುಕೊಂಡರು. ತಲೆ ಕೆಟ್ಟಿತು ಅಂದುಕೊಂಡಿರಬೇಕು.

"ನೋಡಿದ್ರಾ ಅಣ್ಣಾ" ಅಂದೆ, "ಈ ಸಲಾನೂ ಮಿಷನ್ನಿಗೇ ಬಂತು."