ಏರ್ ರೈಫಲ್ಲಿಗೆ ಕೊಬ್ಬರಿ ಎಣ್ಣೆ

ಮಕ್ಕಳು ತಟ್ಟೆಯಲ್ಲಿ ಬಿಟ್ಟ ಅನ್ನವನ್ನು ತಾಯಂದಿರು ತಿಂದು ಮುಗಿಸುತ್ತಾರೆ, ಇದು ಎಲ್ಲರಿಗೂ ಗೊತ್ತಿರುವ ವಿಷಯ. ಮಕ್ಕಳು ಅರ್ಧಕ್ಕೆ ಬಿಟ್ಟ ಹವ್ಯಾಸಗಳನ್ನು ಯಾರು ಮುಗಿಸಬೇಕು ಎಂಬುದನ್ನು ಮಾತ್ರ ಯಾರೂ ಯೋಚಿಸಿದಂತಿಲ್ಲ. ಯಲಹಂಕದ ನಮ್ಮ ಮನೆಯ ಅಟ್ಟದ ಮೇಲೆ ಒಂದು ಕೀಬೋರ್ಡ್ ಇದೆ, ಒಂದು ಜೊತೆ ಸ್ಕೇಟಿಂಗ್ ಶೂ ಇದೆ, ಒಂದೇ ಸಲ ಒಗೆದಿರುವ ಕರಾಟೆಯ ಬಿಳಿ ಬಟ್ಟೆ ಇದೆ. ನನ್ನ ಮಗಳು ದೀಕ್ಷಾ ಪ್ರತಿಯೊಂದನ್ನೂ ‘ಇದೇ ನನ್ನ ಲೈಫು’ ಎಂದು ಕಣ್ಣಲ್ಲಿ ನೀರು ತುಂಬಿಕೊಂಡು ತರಿಸಿಕೊಂಡವಳು. ಮುಂದಿನ ಹಬ್ಬ ಬರುವಷ್ಟರಲ್ಲಿ ಅವಳ ಲೈಫು ಬೇರೆ ಕಡೆ ಹೊರಟಿರುತ್ತಿತ್ತು. ಕೀಬೋರ್ಡಿಗೆ ನನ್ನ ಬೆರಳು ಹೊಂದಲಿಲ್ಲ, ಕರಾಟೆಯ ಬಟ್ಟೆಯೊಳಗೆ ನಾನು ಹಿಡಿಸುವುದಿಲ್ಲ. ಹಾಗಾಗಿ ಅವಳು ಬಿಟ್ಟ ತಟ್ಟೆಗಳಲ್ಲಿ ನನ್ನ ಪಾಲಿಗೆ ಉಳಿದದ್ದು ಏರ್ ರೈಫಲ್.

ಆ ರೈಫಲ್ಲನ್ನು ಆರಿಸಿದವಳು ನಾನೇ. ಅಂಗಡಿಯವರು ಗಾಜಿನ ಮೇಜಿನ ಮೇಲೆ ಮೂರು ನಾಲ್ಕು ಇಟ್ಟು, ಹಿಂಬದಿಯನ್ನು ಮೊಣಕೈ ಮಡಿಕೆಗೆ ಆನಿಸಿ ಹಿಡಿದರೆ ಬೆರಳು ಸಲೀಸಾಗಿ ಟ್ರಿಗರ್ ಮುಟ್ಟಬೇಕು, ಅದೇ ಅಳತೆ ಎಂದು ವಿವರಿಸಿದರು. ಹಾಗೆ ನೋಡಿದಾಗ ದೀಕ್ಷಾಳಿಗೆ ಸರಿಹೊಂದಿದ್ದು ಒಂದು ಗಿಡ್ಡ ರೈಫಲ್. ನಾನು ಬಿಡುತ್ತೇನೆಯೇ? ಒಂದನೇ ತರಗತಿಯಿಂದ ಅವಳ ಯೂನಿಫಾರ್ಮನ್ನು, ಶೂವನ್ನು, ರೇನ್‌ಕೋಟನ್ನು ಒಂದು ಅಳತೆ ದೊಡ್ಡದೇ ಕೊಡಿಸಿದ ಕೈ ಇದು. ಲಂಗದ ಅಂಚನ್ನು ಮೂರು ಸಲ ಮಡಿಸಿ ಹೊಲಿದು, ವರ್ಷಕ್ಕೊಂದು ಮಡಿಕೆ ಬಿಚ್ಚುತ್ತಾ ಬಂದ ವಂಶ ನಮ್ಮದು. “ಬೆಳೆಯೋ ಹುಡುಗಿ, ಸ್ವಲ್ಪ ಉದ್ದದ್ದೇ ಕೊಡಿ” ಎಂದೆ. ಜೊತೆಗೆ ಬಂದಿದ್ದ ನಮ್ಮವರು, “ಉದ್ದ ಆಯ್ತಲ್ವೇನೇ?” ಎಂದು ಒಂದು ಮಾತು ಅಂದರು. “ನಿಮಗೇನ್ ಗೊತ್ತಾಗುತ್ತೆ ಸುಮ್ನಿರಿ” ಎಂದು ಅವರ ಬಾಯಿ ಮುಚ್ಚಿಸಿದೆ. ಉದ್ದದ್ದರ ಮರ ನಮ್ಮ ಸೋಫಾದ ಬಣ್ಣಕ್ಕೆ ಹೊಂದುತ್ತಿತ್ತು ಎಂಬುದನ್ನು ಅವರಿಗೆ ಹೇಳಲಿಲ್ಲ. ಮಗಳು ಬೆಳೆದಳು, ನಿಜ. ಆದರೆ ರೈಫಲ್ಲಿನ ಅಳತೆಗೆ ಬರುವ ಮೊದಲೇ ಗಿಟಾರಿನ ಕಡೆಗೆ ಹೊರಟುಹೋದಳು. ನಾನು ದೀಕ್ಷಾಳಿಗಿಂತ ಗಿಡ್ಡ. ಎತ್ತರಕ್ಕೆ ಬೆಳೆಯುವುದನ್ನು ನಿಲ್ಲಿಸಿ ಬಹಳ ಕಾಲವಾಯಿತು, ಈಗ ಏನಿದ್ದರೂ ಅಡ್ಡಕ್ಕೆ.

ಜಕ್ಕೂರಿನ ಕಡೆಗೆ ಹೋಗುವ ದಾರಿಯಲ್ಲಿ ಒಂದು ಕಟ್ಟಡದ ನೆಲಮಾಳಿಗೆಯಲ್ಲಿ ಶೂಟಿಂಗ್ ಕ್ಲಬ್ ಇದೆ. ಮಗಳನ್ನು ಬಿಟ್ಟು, ಹೊರಗಿನ ಕುರ್ಚಿಯಲ್ಲಿ ಕೂತು, ಮೇಲೆ ತರಬೇತಿ ವಿಮಾನ ಗುಂಯ್‌ಗುಡುವುದನ್ನು ಕೇಳುತ್ತಾ ಸೊಪ್ಪು ಬಿಡಿಸುತ್ತಿದ್ದ ಜಾಗ ಅದು. ಮಗಳು ಬಿಟ್ಟ ಮೇಲೆ ಉಳಿದ ತಿಂಗಳುಗಳ ಫೀಸು ದಂಡವಾಗಬಾರದೆಂದು ನಾನೇ ಒಳಗೆ ಹೋಗಿ ನಿಂತೆ. ಎದುರಿನ ಗೋಡೆಯಲ್ಲಿ ಅಂಗೈಯಗಲದ ಒಂದು ಕಾಗದ, ಅದರ ನಡುವೆ ಸಾಸಿವೆಯಷ್ಟು ಚುಕ್ಕಿ. ಉಸಿರು ಬಿಗಿಹಿಡಿದು, ಅದನ್ನೇ ನೋಡುತ್ತಾ ನಿಂತರೆ ಲೋಕವೇ ನಿಂತುಹೋಗುತ್ತದೆ. ಕುಕ್ಕರ್ ಕೂಗುವುದಿಲ್ಲ, ಗ್ಯಾಸಿನವನು ಬರುವುದಿಲ್ಲ, ಯಾರೂ ‘ನನ್ನ ನೀಲಿ ಷರ್ಟ್ ಎಲ್ಲಿ’ ಎಂದು ಕೇಳುವುದಿಲ್ಲ. ಮದುವೆಯಾದಮೇಲೆ ನನಗೆ ಇಷ್ಟು ಸುಖ ಕೊಟ್ಟ ವಸ್ತು ಇನ್ನೊಂದಿಲ್ಲ ಎಂದರೆ ನಮ್ಮವರು ಬೇಜಾರು ಮಾಡಿಕೊಳ್ಳುತ್ತಾರೆ, ಆದರೂ ಅದು ನಿಜ. ಗುಂಡು ಎಲ್ಲಿಗೆ ಹೋಗುತ್ತಿತ್ತು ಎಂಬುದು ಬೇರೆ ವಿಚಾರ. ಕೋಚ್ ನಾಗೇಶ್ ಸರ್ ನನ್ನ ಕಾಗದವನ್ನು ಬೆಳಕಿಗೆ ಹಿಡಿದು, “ಮೇಡಂ, ಚೆನ್ನಾಗಿ ಹರಡಿದೀರ” ಎನ್ನುತ್ತಿದ್ದರು, ರಂಗೋಲಿ ನೋಡಿದವರ ಹಾಗೆ. ರೈಫಲ್ ನಿಮಗೆ ಉದ್ದವಾಯಿತು, ಕತ್ತು ಚಾಚಿ ಗುರಿ ನೋಡುತ್ತೀರಿ ಎಂದೂ ಆಗಾಗ ಹೇಳುತ್ತಿದ್ದರು. “ಅಭ್ಯಾಸ ಆಗುತ್ತೆ ಬಿಡಿ ಸರ್” ಎನ್ನುವುದು ನನ್ನ ಸಿದ್ಧ ಉತ್ತರವಾಗಿತ್ತು.

ಹೀಗಿರುವಾಗ ಕ್ಲಬ್ಬುಗಳ ನಡುವಿನ ಪಂದ್ಯ ಬಂತು. ಹೆಂಗಸರ ತಂಡಕ್ಕೆ ಮೂವರು ಬೇಕು, ದಸರಾ ಆದ ಮೇಲಿನ ಭಾನುವಾರ ಆಯ್ಕೆ ಎಂದು ನಾಗೇಶ್ ಸರ್ ಹೇಳಿದರು. ಅಂದಿನಿಂದ ನನಗೆ ಅನ್ನ ರುಚಿಸಲಿಲ್ಲ. ನೀವು ನಗಬಹುದು. ಚಿಕ್ಕಂದಿನಲ್ಲಿ ಕೇರಿಯ ಆಟದಲ್ಲಿ ಎರಡು ಗುಂಪು ಮಾಡುವಾಗ ಕೊನೆಗೆ ಉಳಿಯುತ್ತಿದ್ದವಳು ನಾನು. ಅಳುತ್ತೇನೆಂದು ಸೇರಿಸಿಕೊಂಡು, ನನಗೆ ಕೇಳುವಂತೆಯೇ ‘ಇವಳು ಆಟಕ್ಕುಂಟು ಲೆಕ್ಕಕ್ಕಿಲ್ಲ’ ಎನ್ನುತ್ತಿದ್ದರು. ಶಾಲೆಯಲ್ಲಿ ಥ್ರೋಬಾಲ್ ತಂಡಕ್ಕೆ ನಾನು ನೀರಿನ ಬಾಟಲಿ ಕಾಯುವವಳು. ಮದುವೆಯಾಗಿ ಬಂದಮೇಲೆ ಅಪಾರ್ಟ್‌ಮೆಂಟಿನ ಅಂತ್ಯಾಕ್ಷರಿಯಲ್ಲೂ ನನ್ನನ್ನು ತೀರ್ಪುಗಾರಳನ್ನಾಗಿ ಮಾಡಿ ಕೂರಿಸಿದರು. ಗೆಲ್ಲಬೇಕೆಂಬ ಹುಚ್ಚು ನನಗಿರಲಿಲ್ಲ. ಒಂದೇ ಒಂದು ಸಲ ಯಾರಾದರೂ ಒಂದು ತಂಡದ ಹೆಸರುಗಳನ್ನು ಓದುವಾಗ ನನ್ನ ಹೆಸರೂ ಅದರಲ್ಲಿರಬೇಕು, ಅಷ್ಟೇ ಆಸೆ.

ಆದ್ದರಿಂದ ರೈಫಲ್ಲಿನ ಸೇವೆ ಜೋರಾಗಿ ನಡೆಯಿತು. ಹಳೆಯ ಬನಿಯನ್ನಿನ ಮೆತ್ತನೆಯ ಬಟ್ಟೆಯಲ್ಲಿ ಬೆವರಿನ ಬೆರಳಚ್ಚು ಒರೆಸುವುದು, ಶೂ ಡಬ್ಬಿಗಳಲ್ಲಿ ಬರುವ, ತೇವ ಹೀರುವ ಸಣ್ಣ ಪೊಟ್ಟಣಗಳನ್ನು ಒಟ್ಟುಮಾಡಿ ರೈಫಲ್ಲಿನ ಪೆಟ್ಟಿಗೆಯಲ್ಲಿಡುವುದು, ಪೆಲೆಟ್, ಅಂದರೆ ಸೀಸದ ಗುಂಡು, ಇಲ್ಲದೆ ಖಾಲಿ ಹೊಡೆಯಬೇಡಿ ಎಂದು ನಮ್ಮವರಿಗೆ ತಾಕೀತು ಮಾಡುವುದು. ಇದನ್ನೆಲ್ಲ ನನ್ನ ಅತ್ತೆ ಸೋಫಾದ ಮೇಲೆ ಕಾಲು ಮಡಚಿ ಕೂತು ನೋಡುತ್ತಿದ್ದರು. ಅವರ ತವರು ರಾಜಾನುಕುಂಟೆಯ ಬೇಸಾಯದ ಮನೆ. ಅವರಪ್ಪನ ಕಾಲದ ಜೋಡಿ ನಳಿಗೆಯ ಕೋವಿ ಇನ್ನೂ ಅವರ ತಮ್ಮನ ಹತ್ತಿರ ಲೈಸೆನ್ಸ್ ಸಮೇತ ಇದೆ. ಹಂದಿ ಹೊಡೆದ ಕಾಲ ಹೋಗಿ, ಆ ಹೊಲದಲ್ಲಿ ಈಗ ಸೈಟುಗಳಾಗಿವೆ. ಕೋವಿಗೆ ಉಳಿದಿರುವ ಒಂದೇ ಸಂಚಾರವೆಂದರೆ, ಪ್ರತಿ ಚುನಾವಣೆಗೂ ಪೊಲೀಸ್ ಠಾಣೆಗೆ ಹೋಗಿ, ತವರಿಗೆ ಹೋದ ಬಾಣಂತಿಯ ಹಾಗೆ ಆರಾಮವಾಗಿ ಕೂತಿದ್ದು, ಫಲಿತಾಂಶ ಬಂದ ಮೇಲೆ ಮನೆಗೆ ಬರುವುದು. ಬಂದ ದಿನ ಅದರ ನಡು ಬಗ್ಗಿಸಿ, ನಳಿಗೆಗಳಿಗೆ ಎಣ್ಣೆ ಹಾಕಿ ಉಜ್ಜುವುದು ಅವರ ಮನೆಯ ಪದ್ಧತಿ. ಅಂಥ ಮನೆಯಿಂದ ಬಂದವರಿಗೆ ನನ್ನ ಒಣ ಬಟ್ಟೆಯ ಸೇವೆ ಕಂಡು ಸಂಕಟವಾಗುತ್ತಿತ್ತು.

“ಅದೇನ್ ಕೋವಿನೋ ಏನ್ ಕತೆನೋ. ಒಂದ್ ತೊಟ್ಟು ಎಣ್ಣೆ ಕಾಣದಂಗೆ ಇಟ್ಕಂಡಿದೀಯಲ್ಲಮ್ಮ. ನಮ್ಮಪ್ಪ ಇಂಗ್ ಒಣಗಾಕಿದ್ರೆ ಅದು ಯಾವತ್ತೋ ತುಕ್ಕಿಡಿದು ಓಗಿರೋದು.”

“ಅತ್ತೆ, ಇದು ಗಾಳಿಯಿಂದ ಹೊಡೆಯೋದು, ಇದಕ್ಕೆ ಎಣ್ಣೆ ಬೇಡ” ಎಂದೆ.

“ಗಾಳಿನಾಗ್ಲಿ, ಮದ್ದಾಗ್ಲಿ, ಕಬ್ಬಿಣ ಕಬ್ಬಿಣನೇ ಕಣಮ್ಮ” ಎಂದರು ಅತ್ತೆ. ನಾನು ಬನಿಯನ್ ಬಟ್ಟೆ ಮಡಚಿಟ್ಟು ಅಡುಗೆಮನೆಗೆ ಹೋದೆ.

ಆಯುಧ ಪೂಜೆ ಬಂತು. ನಮ್ಮ ಮನೆಯಲ್ಲಿ ಇಷ್ಟು ವರ್ಷ ಆಯುಧಗಳೆಂದು ಪೂಜೆ ಮಾಡಿಸಿಕೊಂಡವು ಈಳಿಗೆ ಮಣೆ, ಮಿಕ್ಸಿ, ಸ್ಕೂಟರ್ ಮತ್ತು ನಮ್ಮವರ ಲ್ಯಾಪ್‌ಟಾಪ್. ಹೋದ ವರ್ಷ ವೈಫೈ ಡಬ್ಬಿಗೂ ವಿಭೂತಿ ಬಿದ್ದಿತ್ತು, ರೈಫಲ್ ಮಾತ್ರ ಕ್ಲಬ್ಬಿನ ಕಪಾಟಿನಲ್ಲೇ ಉಳಿದಿತ್ತು. ಈ ಸಲ ಅಪ್ಪಟ ಆಯುಧವೇ ಮನೆಯಲ್ಲಿದ್ದದ್ದು ಅತ್ತೆಗೆ ಬಹಳ ಹೆಮ್ಮೆ ತಂದಿತ್ತು. ದೇವರ ಮುಂದೆ ರೇಷ್ಮೆ ಬಟ್ಟೆ ಹಾಸಿ, ರೈಫಲ್ಲನ್ನು ಮಲಗಿಸಿ, ಸೇವಂತಿಗೆ ಮುಡಿಸಿದರು. ನಾನು ಕೋಸಂಬರಿಗೆ ಸೌತೆಕಾಯಿ ಹೆಚ್ಚುತ್ತಿದ್ದೆ. ನಮ್ಮವರು ಹೊರಗೆ ಸ್ಕೂಟರಿನ ಚಕ್ರಕ್ಕೆ ನಿಂಬೆಹಣ್ಣು ಇಡುತ್ತಿದ್ದರು. ಆ ಹೊತ್ತಿನಲ್ಲಿ ದೇವರ ಮನೆಯಲ್ಲಿ ಇನ್ನೇನು ನಡೆಯಿತು ಎಂಬುದು ನನಗೆ ತಿಳಿಯಲಿಲ್ಲ. ಮಾರನೆಯ ದಿನ ಗುರಿ ನೋಡುವ ಕಂಡಿಯಲ್ಲಿ ತುಂಬಿದ್ದ ಕುಂಕುಮವನ್ನು ಬೆಂಕಿಕಡ್ಡಿಯಿಂದ ಕೆದಕಿ ತೆಗೆದು, ವಿಭೂತಿ ಒರೆಸಿ, ಎಲ್ಲವೂ ಸರಿಯಾಯಿತೆಂದು ಪೆಟ್ಟಿಗೆಯಲ್ಲಿಟ್ಟೆ.

ಭಾನುವಾರ ಆಯ್ಕೆಗೆ ಐದು ಜನ ಹೆಂಗಸರು ಬಂದಿದ್ದೆವು. ಮೊದಲ ಕೆಲವು ಗುಂಡುಗಳು ಅಂದಾಜು ನೋಡಿಕೊಳ್ಳಲು, ಅವಕ್ಕೆ ಅಂಕವಿಲ್ಲ. ನಾನು ನಳಿಗೆಯನ್ನು ಕೆಳಕ್ಕೆ ಬಗ್ಗಿಸಿ ಸ್ಪ್ರಿಂಗ್ ಬಿಗಿ ಮಾಡಿ, ಪೆಲೆಟ್ ಇಟ್ಟು, ದೇವರನ್ನು ನೆನೆದು, ಟ್ರಿಗರ್ ಒತ್ತಿದೆ. ಎಂದಿನಂತೆ ‘ಟಪ್’ ಎನ್ನಬೇಕಿದ್ದ ರೈಫಲ್ ‘ಢಮ್’ ಎಂದಿತು. ದೀಪಾವಳಿಯ ಲಕ್ಷ್ಮಿ ಪಟಾಕಿ ನೆಲಮಾಳಿಗೆಯಲ್ಲಿ ಸಿಡಿದ ಹಾಗಾಯಿತು. ನಳಿಗೆಯಿಂದ ಬೆಳ್ಳಗೆ ಹೊಗೆ ಬಂತು. ಪಕ್ಕದಲ್ಲಿದ್ದ ದಂತವೈದ್ಯೆ ಶೈಲಜಾ ತಮ್ಮ ರೈಫಲ್ ಕೆಳಗಿಟ್ಟು ಎರಡು ಹೆಜ್ಜೆ ಹಿಂದೆ ಸರಿದರು. “ಸ್ಟಾಪ್! ಎಲ್ಲಾರೂ ಸ್ಟಾಪ್!” ಎಂದು ನಾಗೇಶ್ ಸರ್ ಓಡಿಬಂದರು. ಬಂದವರು ಹೊಗೆಯ ನಡುವೆ ನಿಂತು ಮೂಗರಳಿಸಿದರು.

“ಮೇಡಂ, ಏನಿದು ಒಗ್ಗರಣೆ ವಾಸ್ನೆ?”

ವಾಸನೆ ನನಗೆ ಮೊದಲೇ ಬಡಿದಿತ್ತು. ಬರೀ ಕೊಬ್ಬರಿ ಎಣ್ಣೆಯಾಗಿದ್ದರೆ ಗೊತ್ತಾಗುತ್ತಿರಲಿಲ್ಲವೇನೋ. ಕರಿಬೇವು, ಮೆಂತ್ಯ, ದಾಸವಾಳದ ಎಲೆ ಹಾಕಿ ಕುದಿಸಿದ, ವಾರಕ್ಕೊಮ್ಮೆ ನನ್ನ ನೆತ್ತಿಗೂ ಬೀಳುವ ಅತ್ತೆಯ ತಲೆಗೆಣ್ಣೆಯನ್ನು ಗುರುತಿಸದೆ ಇರಲು ಸಾಧ್ಯವೇ? ನಾನು ಮೊಣಕಾಲು ಕೊಟ್ಟು ಬಗ್ಗಿಸುವ ನಳಿಗೆಯನ್ನು ಅವರು ಜೋಡಿ ನಳಿಗೆಯ ಕೋವಿಯೆಂದೇ ಭಾವಿಸಿ, ಕಬ್ಬಿನ ಜಲ್ಲೆಯಂತೆ ಬಗ್ಗಿಸಿ, ಒಳಗಿನ ತೂತಿಗೆ ಎಣ್ಣೆ ಬಿಟ್ಟಿದ್ದರು. ನಾಗೇಶ್ ಸರ್ ಹೇಳಿದ್ದಿಷ್ಟು: ಟ್ರಿಗರ್ ಒತ್ತಿದಾಗ ಸ್ಪ್ರಿಂಗ್ ಒಳಗಿನ ಗಾಳಿಯನ್ನು ಒಮ್ಮೆಗೇ ಹಿಂಡುತ್ತದೆ, ಗಾಳಿ ಕಾಯುತ್ತದೆ, ಅಲ್ಲಿ ಎಣ್ಣೆ ಇದ್ದರೆ ಡೀಸೆಲ್ ಎಂಜಿನ್ನಿನಲ್ಲಿ ಆದಂತೆ ಹೊತ್ತಿಕೊಳ್ಳುತ್ತದೆ. ಗಾಳಿ ಸೋರದಂತೆ ತಡೆಯುವ ಒಳಗಿನ ಸೀಲ್ ಸುಟ್ಟಿರಬೇಕು, ಇವತ್ತು ಇದನ್ನು ಮುಟ್ಟುವಂತಿಲ್ಲ. ಹೆಸರು ಓದುವ ದಿನ ಬಂದಾಗ ನಾನು ಮತ್ತೆ ಬಾಟಲಿ ಕಾಯುವುದೇ ಆಯಿತಲ್ಲ ಎಂದು ನಿಜವಾಗಿಯೂ ಅಳು ಬಂತು. ಅತ್ತೆಯ ಮೇಲೆ ಸಿಟ್ಟು ಮಾಡಿಕೊಳ್ಳೋಣವೆಂದರೆ ಆ ಎಣ್ಣೆಯನ್ನು ಅವರು ನನ್ನ ತಲೆಗೆ ಹಾಕುವಷ್ಟೇ ಅಕ್ಕರೆಯಿಂದ ಹಾಕಿರುತ್ತಾರೆ ಎಂಬುದೂ ಗೊತ್ತಿತ್ತು.

“ಅಳ್ಬೇಡಿ ಮೇಡಂ, ಕ್ಲಬ್ಬಿನದು ಒಂದಿದೆ, ತಗೊಳ್ಳಿ” ಎಂದು ನಾಗೇಶ್ ಸರ್ ಮೂಲೆಯಿಂದ ಒಂದನ್ನು ತಂದುಕೊಟ್ಟರು. ಮರ ಸೀಳಿ, ಅದಕ್ಕೆ ಕಪ್ಪು ಟೇಪು ಸುತ್ತಿತ್ತು. ಮಕ್ಕಳು ಮೊದಲ ದಿನ ಕಲಿಯಲು ಎತ್ತಿಕೊಳ್ಳುವ ಗಿಡ್ಡ ರೈಫಲ್ ಅದು. ಭುಜಕ್ಕೆ ಆನಿಸಿದೆ. ಕತ್ತು ಚಾಚಬೇಕಾಗಲಿಲ್ಲ. ಕೆನ್ನೆ ತಾನಾಗಿ ಮರದ ಮೇಲೆ ಕೂತಿತು, ಕಣ್ಣೆದುರಿಗೆ ಚುಕ್ಕಿ ತಾನಾಗಿ ಬಂದು ನಿಂತಿತು. ಆಮೇಲೆ ನಾನು ಮಾಡಿದ್ದೇನೂ ಇಲ್ಲ, ಉಸಿರು ಹಿಡಿದು ಬೆರಳು ಒತ್ತುತ್ತಾ ಹೋದೆ. ನಾಗೇಶ್ ಸರ್ ನನ್ನ ಕಾಗದವನ್ನು ಬೆಳಕಿಗೆ ಹಿಡಿದು, ತಿರುಗಿಸಿ ಇನ್ನೊಮ್ಮೆ ನೋಡಿದರು. ಕೊನೆಗೆ ಹೆಸರು ಓದಿದರು. ಶೈಲಜಾ, ರುಕ್ಸಾನಾ, ಮೂರನೆಯದು ನನ್ನದು. ನಾನು ಸಂತೋಷಕ್ಕೆ ರುಕ್ಸಾನಾರನ್ನು ತಬ್ಬಿಕೊಂಡೆ, ಅವರಿಗೂ ಒಗ್ಗರಣೆ ವಾಸನೆ ಹತ್ತಿತು. ಬಾಗಿಲಲ್ಲಿ ನಾಗೇಶ್ ಸರ್ ತಡೆದು, “ಒಂದ್ ವರ್ಷದಿಂದ ಬಡ್ಕೊತಿದೀನಲ್ಲ ಮೇಡಂ, ನಿಮ್ಮದು ನಿಮಗೆ ಉದ್ದ ಅಂತ. ಈಗ್ಲಾದ್ರೂ ಗೊತ್ತಾಯ್ತಾ?” ಎಂದರು. ಗೊತ್ತಾಗಿತ್ತು.

ಮನೆಗೆ ಬಂದು ಆಯ್ಕೆಯಾದೆ ಎಂದಷ್ಟೇ ಹೇಳಿದೆ. ಅತ್ತೆ ಎದ್ದುಬಂದು ಎರಡು ಕೈಯಿಂದ ನನ್ನ ದೃಷ್ಟಿ ತೆಗೆದು ನೆಟಿಕೆ ಮುರಿದರು. “ನಾನೇ ಕಣಮ್ಮ ಅವತ್ತು ಎಣ್ಣೆ ಬುಟ್ಟಿದ್ದು. ಬ್ಯಾಡ ಅಂತೀಯ ಅಂತ ನಿಂಗೇಳ್ನಿಲ್ಲ. ಎಂಗ್ ಕೆಲ್ಸ ಮಾಡ್ತು ನೋಡ್ದಾ!” ಎಂದರು. ಸ್ಪ್ರಿಂಗು, ಗಾಳಿ, ಸೀಲು ಎಲ್ಲವನ್ನೂ ವಿವರಿಸಲು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದಿದ್ದವಳು ನಾನು. ಬಾಯಿ ತೆರೆದೆ. ಅಷ್ಟರಲ್ಲಿ ಪೇಪರಿನ ಹಿಂದಿನಿಂದ ನಮ್ಮವರು ತಲೆಯೆತ್ತಿ, “ಅಲ್ಲ ಕಣೆ, ವರ್ಷ ಪೂರ್ತಿ ಗೋಡೆಗೆ ಹೊಡೀತಿದ್ದೋಳು ಇವತ್ತೊಂದಿನ ಹೆಂಗೆ ಸರಿಯಾಗಿ ಹೊಡೆದೆ?” ಎಂದು ಕೇಳಿದರು. ಎಣ್ಣೆಯಿಂದಲ್ಲ ಎಂದರೆ ಮತ್ತೆ ಯಾತರಿಂದ ಎಂದು ಹೇಳಬೇಕಾಗುತ್ತದೆ. ಗಿಡ್ಡ ರೈಫಲ್ಲಿನಿಂದ ಎಂದರೆ ಅಂಗಡಿಯಲ್ಲಿ ಅವರಾಡಿದ ಆ ಒಂದು ಮಾತು ಸರಿ ಎಂದು ಒಪ್ಪಬೇಕಾಗುತ್ತದೆ. ಆಮೇಲೆ ಈ ಮನೆಯಲ್ಲಿ ಬಾಳುವುದು ಹೇಗೆ?

“ಅತ್ತೆ ಎಣ್ಣೆ ಬಿಟ್ಟಿದ್ರಲ್ಲ, ಅದಕ್ಕೇ” ಎಂದೆ.

ಅತ್ತೆಯ ಮುಖ ಊರಗಲವಾಯಿತು. ಆಗಲೇ ತಮ್ಮನಿಗೆ ಫೋನು ಮಾಡಿ ವಿಷಯ ತಿಳಿಸಿದರು. ಪಕ್ಕದ ಮನೆಯವರಿಗೆ ಹೇಳಿದರು, ಹಾಲಿನವರಿಗೂ ಹೇಳಿದರು. ನಾನು ಪಕ್ಕದಲ್ಲಿ ನಿಂತು ಭಕ್ತಿಯಿಂದ ತಲೆಯಾಡಿಸಿದೆ. ಬರುವ ಭಾನುವಾರ ಪಂದ್ಯ. ನಿನ್ನೆಯಿಂದ ಅತ್ತೆ ಒಲೆಯ ಮುಂದೆ ನಿಂತು ದೊಡ್ಡ ಬಾಣಲೆಯಲ್ಲಿ ಹೊಸ ಎಣ್ಣೆ ಕಾಯಿಸುತ್ತಿದ್ದಾರೆ. ಪಂದ್ಯಕ್ಕೆ ತಾವೂ ಬರುತ್ತಾರಂತೆ. “ನಿನ್ ಜೊತೆ ಇಬ್ರು ಹೆಣ್‌ಮಕ್ಳು ಅವ್ರಲ್ಲ, ಪಾಪ, ಅವ್ರ ಕೋವಿಗೂ ಒಂದೊಂದ್ ತೊಟ್ಟು ಬುಡ್ತೀನಿ” ಎಂದಿದ್ದಾರೆ. ಅವರಿಗೆ ನಿಜ ಹೇಳಲು ನನಗಿನ್ನೂ ಶನಿವಾರದವರೆಗೆ ಸಮಯವಿದೆ. ಇವತ್ತು ಅರ್ಧ ಹೇಳೋಣವೆಂದು ಹೋದೆ, ನಮ್ಮವರು ಅಲ್ಲೇ ಕೂತಿದ್ದರು. ಹಾಗಾಗಿ ಕರಿಬೇವು ಬಿಡಿಸಿಕೊಟ್ಟು ಬಂದೆ.