ಕಿಟಕಿಯ ಪಕ್ಕದ ನೂರಾ ಅರವತ್ತೈದು

ದತ್ತಾತ್ರೇಯರ ಮನೆಯಲ್ಲಿ ಒಟ್ಟು ಕಿಟಕಿಗಳು ನಾಲ್ಕು, ಬೆಳಕು ಬರುವುದು ಮಾತ್ರ ಒಂದರಿಂದ. ಉಳಿದ ಮೂರರಲ್ಲಿ ಒಂದಕ್ಕೆ ಪಕ್ಕದ ಮನೆಯ ಗೋಡೆ ಅಡ್ಡ, ಇನ್ನೊಂದಕ್ಕೆ ಕೂಲರ್ ಅಡ್ಡ, ಮೂರನೆಯದನ್ನು ಒಮ್ಮೆ ತೆರೆದರೆ ಮುಚ್ಚಲು ಬಡಗಿಯನ್ನೇ ಕರೆಸಬೇಕು. ಹೀಗಾಗಿ ಬೀದರಿನ ಚೌಬಾರಾ ಗೋಪುರದ ಹಿಂದಿನ ಓಣಿಯ ಆ ಮನೆಯಲ್ಲಿ ಪಡಸಾಲೆಯ ಕಿಟಕಿ ಯಾರ ವಶದಲ್ಲಿರುತ್ತದೋ ಅವರದೇ ರಾಜ್ಯಭಾರ. ಇಪ್ಪತ್ತೊಂದು ವರ್ಷ ಅದು ಅವರ ಹೆಂಡತಿ ಅಲಕಾಬಾಯಿಯವರ ಹೊಲಿಗೆ ಮಷೀನಿನ ವಶದಲ್ಲಿತ್ತು. ಕಳೆದ ಸೋಮವಾರ ಅಲಕಾಬಾಯಿ ಭಾಲ್ಕಿಯ ತವರಿಗೆ ಹೋಗಿದ್ದ ಸುಸಂದರ್ಭ ನೋಡಿ ದತ್ತಾತ್ರೇಯರು ಮಷೀನನ್ನು ಅಡುಗೆಮನೆಗೆ ಗಡೀಪಾರು ಮಾಡಿದರು, ಅದರ ಜಾಗದಲ್ಲಿ ಒಂದು ಹೊಸ ಮಾನಿಟರನ್ನು ಪಟ್ಟಕ್ಕೇರಿಸಿದರು. (ಹೆಂಡತಿ ಊರಲ್ಲಿರುವಾಗಲೇ ಇಂಥ ಕೆಲಸ ಮಾಡುವ ಧೈರ್ಯ ಅವರಿಗಿರಲಿಲ್ಲ. ಅವರ ವಂಶದಲ್ಲಿ ಯಾರಿಗೂ ಇರಲಿಲ್ಲ.)

ಲಗ್ನಪತ್ರಿಕೆ ಜೋಡಿಸಿ ಪ್ರೆಸ್ಸಿಗೆ ಕಳಿಸುವುದು ದತ್ತಾತ್ರೇಯರ ಮೂವತ್ತು ವರ್ಷದ ಉದ್ಯೋಗ. ಕನ್ನಡ, ಮರಾಠಿ, ಉರ್ದು, ಯಾವುದಾದರೂ ಸರಿ. ಹೊಸ ಮಾನಿಟರ್ ಮಾರಿದವನು, ಇದರ ಚಿತ್ರ ಸೆಕೆಂಡಿಗೆ ನೂರಾ ಅರವತ್ತೈದು ಸಲ ಹೊಸದಾಗುತ್ತದೆ, ನಿಮ್ಮ ಹಳೆಯದು ಬರೀ ಅರವತ್ತು ಎಂದಿದ್ದ. ಆಟ ಆಡುವ ಹುಡುಗರು ಕೊಳ್ಳುವ ಸಾಮಾನು ಅದು. ಲಗ್ನಪತ್ರಿಕೆಯಲ್ಲಿ ಓಡುವುದು ಜಿಗಿಯುವುದು ಏನೂ ಇರುವುದಿಲ್ಲ, ಗಣಪತಿ ಕೂತಲ್ಲೇ ಕೂತಿರುತ್ತಾನೆ. ಆದರೂ ಅರವತ್ತರ ಮುಂದೆ ನೂರಾ ಅರವತ್ತೈದು ದೊಡ್ಡದೋ ಅಲ್ಲವೋ? ದತ್ತಾತ್ರೇಯರು ಆ ಸಂಖ್ಯೆಯನ್ನು ಓಣಿಯ ಎರಡೂ ತುದಿಗೆ ಮುಟ್ಟಿಸಿ ಬಂದರು.

ಸಂಜೆ ಅಲಕಾಬಾಯಿ ಬಂದರು. ಬ್ಯಾಗು ಕೆಳಗಿಡದೆ ಮೊದಲು ಕಿಟಕಿ ನೋಡಿದರು, ಆಮೇಲೆ ಗಂಡನನ್ನು ನೋಡಿದರು, ಕಡೆಗೆ ಮಾನಿಟರಿನ ಪರದೆ ನೋಡಿದರು.

"ಅಕ್ಷರಕ್ಕ ಬೂಷ್ಟು ಬಂದದಲ್ರಿ," ಎಂದರು.

ಮಾತು ಸುಳ್ಳಾಗಿರಲಿಲ್ಲ. ಒಂದೊಂದು ಅಕ್ಷರದ ಸುತ್ತಲೂ ಕೆಂಪು ನೀಲಿ ರೋಮ ಎದ್ದಿತ್ತು. 'ವಧು' ಯಾವುದು 'ವರ' ಯಾವುದು ಎಂಬುದನ್ನು ಊಹೆಯಿಂದ ತಿಳಿಯಬೇಕಿತ್ತು.

"ಹೊಸಾದದ. ಜರಾ ಹೊಂದಿಕೋಬೇಕು," ಎಂದರು ದತ್ತಾತ್ರೇಯ.

"ನಾ ಈ ಮನಿಗೆ ಹೊಸಾಕಿ ಬಂದಾಗ ಮುಖ ಮಸಕ ಮಾಡ್ಕೊಂಡು ಬಂದಿದ್ದಿಲ್ಲ. ಅಡಗಿ ಮನ್ಯಾಗ ಸೂಜಿಗಿ ದಾರ ಹಾಕಿ ತೋರಸ್ರಿ ನೋಡೋಣು. ಹದಿನಾಲ್ಕು ಜಂಪರ್ ಹೊಲಿಯೂದದ, ಬೆಳಕಿಲ್ದೆ ಹ್ಯಾಂಗ ಹೊಲೀಲಿ?"

ಅರ್ಧ ಗಂಟೆ ಮಹಾಸಂಗ್ರಾಮ ನಡೆದು ಕೊನೆಗೆ ಒಂದು ಒಪ್ಪಂದಕ್ಕೆ ಬಂದಿತು. ಶರತ್ತು ಅಲಕಾಬಾಯಿಯವರದು.

"ಶುಕ್ರವಾರ ಭಾತಂಬ್ರಾದ ಗಿರಾಕಿ ಲಗ್ನಪತ್ರಿಕಿ ನೋಡ್ಲಿಕ್ಕಿ ಬರ್ತಾರಲ್ಲ, ಅವತ್ತು ಐದು ಹೊಡ್ದಾಗ ಈ ಪರದಿ ಮ್ಯಾಲ ನನಗ ಅಕ್ಷರ ಓದ್ಲಿಕ್ಕಿ ಬಂತಂದ್ರ ಕಿಟಕಿ ನಿಮ್ದು. ಬರ್ಲಿಲ್ಲಂದ್ರ ಮಷೀನ ನೀವೇ ಎತ್ತಿ ತಂದು ಇಲ್ಲಿ ಇಡಬೇಕು, ಮ್ಯಾಲ ಮಾತಾಡಬಾರ್ದು."

"ಐದು ಯಾಕ, ನಾಲ್ಕಕ್ಕೇ ಓದು," ಎಂದರು ದತ್ತಾತ್ರೇಯ. ಸೋಲುವ ಮನುಷ್ಯ ತಾವಲ್ಲ ಎಂದು ಅವರಿಗೆ ಖಾತ್ರಿ ಇತ್ತು.

ಮಂಗಳವಾರ ಪರದೆ ಒರೆಸಿದರು. ಮೊದಲು ಒಣ ಬಟ್ಟೆ, ಆಮೇಲೆ ಒದ್ದೆ ಬಟ್ಟೆ, ಆಮೇಲೆ ತಮ್ಮದೇ ಬನಿಯನ್. ರೋಮ ಉದುರಲಿಲ್ಲ. ಬುಧವಾರ ಫ್ಯಾನ್ ಬಂದ್ ಮಾಡಿ ನೋಡಿದರು, ಫ್ರಿಜ್ ಬಂದ್ ಮಾಡಿ ನೋಡಿದರು. (ಹಾಲು ಒಡೆಯಿತು. ಅದರ ವಿವರ ಬೇಡ.) ಮಾನಿಟರಿನ ಹಿಂದಿದ್ದ ಗುಂಡಿಗಳನ್ನೆಲ್ಲ ಒತ್ತಿದಾಗ ಗಣಪತಿ ಹಸಿರಾದ, ಮತ್ತೊಮ್ಮೆ ಒತ್ತಿದಾಗ ಉದ್ದವಾದ, ಆಮೇಲೆ ಪರದೆಯ ಮಾತೆಲ್ಲ ಚೀನೀ ಭಾಷೆಗೆ ತಿರುಗಿತು. ಅದನ್ನು ವಾಪಸು ತರುವುದರಲ್ಲೇ ಸಂಜೆಯಾಯಿತು.

"ಕಣ್ಣು ಒಮ್ಮೆ ತೋರಸ್ಕೋರಿ," ಎಂದರು ಅಲಕಾಬಾಯಿ.

ಇದು ಎದೆಗೆ ನಾಟಿತು. ದತ್ತಾತ್ರೇಯರು ಪಡಸಾಲೆಯ ಈ ತುದಿಯಲ್ಲಿ ನಿಂತು ಆ ತುದಿಯ ಕ್ಯಾಲೆಂಡರಿನ ಸಣ್ಣಕ್ಷರಗಳನ್ನು ಏರುದನಿಯಲ್ಲಿ ಓದಿದರು. ತಿಥಿ, ನಕ್ಷತ್ರ, ರಾಹುಕಾಲ, ಕೆಳಗೆ ಮುದ್ರಕರ ಫೋನ್ ನಂಬರು, ಒಂದನ್ನೂ ಬಿಡಲಿಲ್ಲ. ಎದುರು ಮನೆಯವರು ಏನೋ ಪೂಜೆ ನಡೆದಿದೆ ಎಂದುಕೊಂಡು ಚಪ್ಪಲಿ ಬಿಟ್ಟು ಒಳಗೆ ಬಂದರು.

ಗುರುವಾರ ಬೇರೆ ದಾರಿ ಕಾಣದೆ ಕಂಪ್ಯೂಟರ್ ರಿಪೇರಿಯ ಸಾಜಿದನಿಗೆ ಫೋನ್ ಮಾಡಿದರು. ಅದೂ ಮಾಳಿಗೆಯ ಮೇಲೆ ನಿಂತು, ಮೆಲುದನಿಯಲ್ಲಿ.

"ಕಾಕಾ, ವೈರ್ ಯಾವ್ದು ಹಾಕೀರಿ?" ಎಂದ ಸಾಜಿದ.

"ಹಳೀದೇ. ಟಿವಿದು. ಗಟ್ಟಿ ಅದ."

"ಗಟ್ಟಿ ಇದ್ರ ಏನ್ರಿ, ಅದಕ್ಕ ಅಷ್ಟು ತಾಕತ್ ಇಲ್ಲ. ನೂರಾ ಅರವತ್ತೈದಕ್ಕ ಓಡಿಸಿದ್ರ ಬಣ್ಣ ಎಲ್ಲಾ ಪೂರಾ ಕಳಸ್ಲಿಕ್ಕಿ ಆಗಲ್ಲ ಅದಕ್ಕ, ಅಕ್ಷರ ಮಸಕ ಬೀಳ್ತಾವ. ಡಬ್ಬಿ ಸಂಗಟ ಹೊಸಾ ವೈರ್ ಬಂದಿರಬೇಕಲ್ರಿ, ಅದು ಹಾಕ್ರಿ. ಇಲ್ಲಂದ್ರ ಸೆಟಿಂಗಿನ್ಯಾಗ ಅರವತ್ತಕ್ಕ ಇಳಸ್ರಿ. ಎರಡೂ ನಿಮಿಷದ ಕೆಲಸ."

ದತ್ತಾತ್ರೇಯರಿಗೆ ಎರಡೂ ಸಾಧ್ಯವಿರಲಿಲ್ಲ. ಹೊಸ ವೈರ್ ಬಂದಿತ್ತು, ನಿಜ. ಆದರೆ ಹಳೆಯದು ಇರುವಾಗ ಹೊಸದನ್ನು ಬಳಸುವುದು ಆ ಮನೆಯಲ್ಲಿ ಎಂದೂ ನಡೆದಿಲ್ಲ. ಹೊಸ ಚಾದರು, ಹೊಸ ಕಪ್ಪುಬಸಿ, ಹೊಸ ಟಾರ್ಚು, ಎಲ್ಲವೂ ನೇರ ಅಲಮಾರಿಗೆ ಹೋಗುವುದು ಪದ್ಧತಿ. ಸೋಮವಾರ ಸಂಜೆ ಜಗಳದ ನಡುವೆಯೇ ಅವರು ವೈರನ್ನು ಹೆಂಡತಿಯ ಕೈಗೆ ಕೊಟ್ಟು, "ಹೊಸಾದದ, ಒಳಗಿಡು," ಎಂದಿದ್ದರು. ಅಲಮಾರಿಯ ಕೀಲಿ ಅಲಕಾಬಾಯಿಯವರ ಸೊಂಟದಲ್ಲಿತ್ತು. ಕೀಲಿ ಕೇಳುವುದೂ ಕಿಟಕಿ ಬಿಟ್ಟುಕೊಡುವುದೂ ಒಂದೇ. ಇನ್ನು ಅರವತ್ತಕ್ಕೆ ಇಳಿಸುವ ಮಾತು. ಅರವತ್ತೇ ಆಗಬೇಕಿದ್ದರೆ ಹಳೆಯದೇ ಇತ್ತಲ್ಲ. ಓಣಿಯಲ್ಲಿ ತಲೆಯೆತ್ತಿ ತಿರುಗುವುದು ಹೇಗೆ?

ಶುಕ್ರವಾರ ನಾಲ್ಕು ಗಂಟೆಯವರೆಗೂ ಅವರು ಎದೆಯುಬ್ಬಿಸಿಕೊಂಡೇ ಇದ್ದರು. ನಾಲ್ಕೂ ಹತ್ತಕ್ಕೆ ಪಡಸಾಲೆಯ ಬಾಗಿಲು ಮುಚ್ಚಿ, ಯಾರೂ ಇಲ್ಲವೆಂದು ನೋಡಿಕೊಂಡು, ಸೆಟ್ಟಿಂಗಿಗೆ ಹೋಗಿ ಅರವತ್ತು ಮಾಡಿದರು. ರೋಮವೆಲ್ಲ ಒಮ್ಮೆಲೇ ಉದುರಿತು. ಗಣಪತಿಯ ಹೊಟ್ಟೆಯ ಮೇಲಿನ ಹಾವಿನ ಹುರುಪೆ ಕೂಡ ಎಣಿಸುವಂತಿತ್ತು. ಖುಷಿಯಲ್ಲಿ ಅವರ ಕಣ್ಣು ತುಂಬಿ ಬಂತು. ಅರವತ್ತೆಂದು ಯಾರಿಗೆ ಗೊತ್ತಾಗಬೇಕು, ಪರದೆಯ ಹಣೆಯ ಮೇಲೆ ಬರೆದಿರುತ್ತದೆಯೇ?

ನಾಲ್ಕೂವರೆಗೆ ಭಾತಂಬ್ರಾದಿಂದ ಇಬ್ಬರು ಹಿರಿಯ ಹೆಂಗಸರು ಬಂದರು. ಒಬ್ಬರು ಸಖುಬಾಯಿ, ಮದುಮಗನ ಸ್ವಂತ ಅಜ್ಜಿ. ಇನ್ನೊಬ್ಬರು ಆಕೆಯ ನೆಗೆಣ್ಣಿ ಸುಭದ್ರಾಬಾಯಿ, ಸಖುಬಾಯಿಯ ಗಂಡನ ಅಣ್ಣನ ಹೆಂಡತಿ. ಇಬ್ಬರೂ ಕನ್ನಡಕ ಏರಿಸಿ ಪರದೆಯ ಮುಂದೆ ಕೂತರು.

"ಭಾಳ ಸ್ವಚ್ಛ ಕಾಣಸ್ತದ ದತ್ತಣ್ಣ," ಎಂದರು ಸಖುಬಾಯಿ.

"ನೂರಾ ಅರವತ್ತೈದ್ರಿ ಇದು," ಎಂದರು ದತ್ತಾತ್ರೇಯ, ಒಳಬಾಗಿಲಲ್ಲಿ ನಿಂತ ಹೆಂಡತಿಗೆ ಕೇಳುವಂತೆ. ಅಲಕಾಬಾಯಿ ಚಹಾಕ್ಕಿಡಲು ಒಳಗೆ ಹೋದರು. ಗೆದ್ದೆನೆಂದು ದತ್ತಾತ್ರೇಯರು ಕಾಲ ಮೇಲೆ ಕಾಲು ಹಾಕಿದರು.

ಅಷ್ಟರಲ್ಲಿ ಸಖುಬಾಯಿಯ ಬೆರಳು, ಬಂಧುಗಳ ಹೆಸರಿನ ಪಟ್ಟಿಯ ಮೇಲೆ ನಿಂತಿತು.

"ಇದೇನಿದು, ಸುಭದ್ರಾಬಾಯಿ ಮ್ಯಾಲ, ನಾ ಕೆಳಗ?"

"ಮತ್ತ? ಹಿರೇ ಸೊಸಿ ನಾ," ಎಂದರು ಸುಭದ್ರಾಬಾಯಿ.

"ವಯಸ್ಸಿನಾಗ ನಿನಗಿಂತ ಎರಡು ವರ್ಷ ದೊಡ್ಡಾಕಿ ನಾ. ಮೊಮ್ಮಗ ಯಾರವ?"

"ಆ ಮನಿ ಹೊಸ್ತಿಲಾ ಮೊದ್ಲ ದಾಟ್ದಾಕಿ ಯಾರು?"

ದತ್ತಾತ್ರೇಯರು ಇಬ್ಬರನ್ನೂ ಒಂದೇ ಸಾಲಿನಲ್ಲಿ ಅಕ್ಕಪಕ್ಕ ಕೂರಿಸಿದರು. ಎಡಗಡೆ ಯಾರೆಂದು ಜಗಳ ಮುಂದುವರಿಯಿತು. ಅದಲುಬದಲು ಮಾಡಿದರೆ ಇನ್ನೊಬ್ಬರು ಸೆರಗು ಸೊಂಟಕ್ಕೆ ಸಿಗಿಸಿದರು. ಮೂವತ್ತು ವರ್ಷದಲ್ಲಿ ಇಂಥ ಜಗಳ ಅವರು ನೂರು ಕಂಡಿದ್ದರು, ಆದರೆ ಹಳೆಯ ಮಾನಿಟರಿನ ಮುಂದೆ ಯಾರೂ ಇಷ್ಟು ಸ್ಪಷ್ಟವಾಗಿ ಓದಿರಲಿಲ್ಲ. ಕೊನೆಗೆ ಇಬ್ಬರೂ ಒಂದು ವಿಷಯದಲ್ಲಿ ಮಾತ್ರ ಒಂದಾದರು.

"ನಡಿ, ಔರಾದದಾಗೂ ಪತ್ರಿಕಿ ಮಾಡ್ತಾರ. ಮಂದಿ ಕಿಮ್ಮತ್ತು ತಿಳಿದವ್ರು ಮಾಡ್ತಾರ," ಎಂದು ಎದ್ದು ನಿಂತರು.

ಗಿರಾಕಿ ಎದ್ದು ಹೋದರೆ ಮಾನ ಉಳಿಯುತ್ತದೆಯೇ? ದತ್ತಾತ್ರೇಯರಿಗೆ ಆ ಗಳಿಗೆಯಲ್ಲಿ ಎಲ್ಲಿಂದಲೋ ಬುದ್ಧಿ ಹೊಳೆಯಿತು. "ಕೂಡ್ರಿ ಅವ್ವಾ, ಒಂದು ನಿಮಿಷ. ಸರಿ ಮಾಡ್ತೇನಿ," ಎಂದು ಸೆಟ್ಟಿಂಗಿಗೆ ಹೋಗಿ, ಅರವತ್ತನ್ನು ನೂರಾ ಅರವತ್ತೈದು ಮಾಡಿದರು. ಅಕ್ಷರಗಳಿಗೆಲ್ಲ ಮೊದಲಿಗಿಂತ ದಟ್ಟವಾಗಿ ರೋಮ ಬಂತು.

"ಈಗ ನೋಡ್ರಿ. ಯಾರು ಮ್ಯಾಲ ಬರಬೇಕೋ ಅವ್ರು ಮ್ಯಾಲ ಬಂದಾರ."

ಇಬ್ಬರೂ ಬಾಗಿ ನೋಡಿದರು. ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರು. ಓದಲು ಬರುವುದಿಲ್ಲವೆಂದು ನೆಗೆಣ್ಣಿಯ ಮುಂದೆ ಒಪ್ಪಿಕೊಳ್ಳಲು ಇಬ್ಬರೂ ತಯಾರಿರಲಿಲ್ಲ.

"ಹಾಂ, ಈಗ ಬರೋಬ್ಬರಿ ಆತು," ಎಂದರು ಸಖುಬಾಯಿ.

"ಇದೇ ಖರೇ," ಎಂದರು ಸುಭದ್ರಾಬಾಯಿ, ನೆಗೆಣ್ಣಿಯ ಕಡೆ ಕನಿಕರದಿಂದ ನೋಡುತ್ತ.

ಇಬ್ಬರೂ ಮೇಜಿನ ಅಂಚಿಗೆ ಕುಂಕುಮ ಹಚ್ಚಿ ಒಪ್ಪಿಗೆ ಕೊಟ್ಟರು. ಅಚ್ಚಾಗಿ ಬರುವ ಹೊತ್ತಿಗೆ ಮದುವೆಗೆ ಎಂಟೇ ದಿನ ಇರುತ್ತದೆ, ಆಗ ಜಗಳವಾಡಲು ಯಾರಿಗೂ ಪುರುಸೊತ್ತು ಇರುವುದಿಲ್ಲ ಎಂಬುದು ದತ್ತಾತ್ರೇಯರ ಅನುಭವ. ಗೋಡೆಯ ಗಡಿಯಾರ ಐದು ಹೊಡೆಯಿತು.

ಅಲಕಾಬಾಯಿ ಚಹಾದ ತಾಟು ಹಿಡಿದುಕೊಂಡು ಪರದೆಯ ಮುಂದೆ ಬಂದು ನಿಂತರು. ಬಾಗಿ ನೋಡಿದರು.

"ನನಗೊಂದೂ ಅಕ್ಷರ ತಿಳೀವಲ್ದ್ರಿ," ಎಂದರು.

ದತ್ತಾತ್ರೇಯರ ಕೈ ಮೌಸಿನ ಕಡೆಗೆ ಹೋಯಿತು. ಎರಡು ಸಲ ಒತ್ತಿದರೆ ಅರವತ್ತು, ಕಿಟಕಿ ತಮ್ಮದು. ಇತ್ತ ಸಖುಬಾಯಿ, ಅತ್ತ ಸುಭದ್ರಾಬಾಯಿ ಬಸಿಯಲ್ಲಿ ಚಹಾ ಸುರಿದುಕೊಂಡು ಸಂತೋಷದಿಂದ ಕುಡಿಯುತ್ತಿದ್ದರು.

"ಸ್ವಚ್ಛ ಮಾಡಿ ತೋರಸ್ರಿ," ಎಂದರು ಅಲಕಾಬಾಯಿ, ಬಹಳ ಮೃದುವಾಗಿ. "ಇಬ್ರೂ ಇಲ್ಲೇ ಕೂತಾರ, ಓದಿ ಹೇಳ್ತಾರ."

ಅಡುಗೆಮನೆಯ ಗೋಡೆ ತೆಳುವಾದದ್ದು, ಆಕೆ ಎಲ್ಲವನ್ನೂ ಕೇಳಿದ್ದರು. ದತ್ತಾತ್ರೇಯರು ಮೌಸ್ ಬಿಟ್ಟು ಎದ್ದರು. ಒಳಗೆ ಹೋಗಿ, ಕಬ್ಬಿಣದ ಕಾಲಿನ ಆ ಮಷೀನನ್ನು ತಬ್ಬಿಕೊಂಡು, ಏದುಸಿರು ಬಿಡುತ್ತ ಪಡಸಾಲೆಗೆ ಹೊರಟರು.

"ಯಾಕೋ ದತ್ತಣ್ಣ, ಇದನ್ನ ಯಾಕ ಎತ್ತಲತ್ತಿ?" ಎಂದರು ಸಖುಬಾಯಿ.

"ಇಂಥಾ ಮಾನಿಟರಿಗಿ ಕಿಟಕಿ ಬೆಳಕು ಆಗಲ್ಲರಿ ಅವ್ವಾ, ಕತ್ತಲಾನೇ ಬೇಕು," ಎಂದರು ದತ್ತಾತ್ರೇಯ, ಮಷೀನಿನ ಹಿಂದಿನಿಂದ ತಲೆ ಎತ್ತಿ. "ನಾನೇ ಅದನ್ನ ಒಳಗ ಒಯ್ತೇನಿ. ಯಾರ ಮಾತೂ ಕೇಳಿ ಅಲ್ಲ."

"ಇನ್ನ ಜರಾ ಎಡಕ್ಕ ಸರಸ್ರಿ," ಎಂದರು ಅಲಕಾಬಾಯಿ.

ಅವರು ಸರಿಸಿದರು.